ಹೊಸ ಎಸ್‌ಯುವಿ ನಡುಗುತ್ತಿದೆಯೇ? ಬಿಡಿಭಾಗ ಬದಲಿಸುವ ಮುನ್ನ ಮೂಲ ಪತ್ತೆ ಮಾಡಿ

ಕೊಂಡು ಹೆಚ್ಚು ಕಾಲವಾಗದ ಎಸ್‌ಯುವಿ ಹೆದ್ದಾರಿ ವೇಗದಲ್ಲಿ ನಡುಗತೊಡಗಿದರೆ, ಮೊದಲು ವೀಲ್ ಬ್ಯಾಲೆನ್ಸಿಂಗ್, ಆಮೇಲೆ ಅಲೈನ್‌ಮೆಂಟ್, ಅದಕ್ಕೂ ಬಗ್ಗದಿದ್ದರೆ ಹೊಸ ಟೈರ್ ಎಂದು ಊಹೆಯ ಮೇಲೆಯೇ ಖರ್ಚು ಮಾಡುತ್ತ ಹೋಗುವವರು ಬಹಳ. ಅಷ್ಟರಲ್ಲಿ ವಾರಂಟಿಯ ಅವಧಿ ಕರಗುತ್ತಿರುತ್ತದೆ. ನಡುಕವು ವಾಹನದ ವೇಗಕ್ಕೆ ಅಂಟಿಕೊಂಡಿದೆಯೋ, ಎಂಜಿನ್‌ನ ಆರ್‌ಪಿಎಂಗೋ (ನಿಮಿಷಕ್ಕೆ ಅದು ತಿರುಗುವ ಸುತ್ತು) ಅಥವಾ ಆಕ್ಸಿಲರೇಟರ್ ಒತ್ತುವುದಕ್ಕೋ ಎಂಬುದನ್ನು ಮೊದಲು ತಿಳಿದುಕೊಂಡರೆ, ಹುಡುಕಬೇಕಾದ ಜಾಗ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಪರೀಕ್ಷೆಗೆ ಹೊರಡುವ ಮುನ್ನ ಟೈರ್ ತಣ್ಣಗಿರುವಾಗಲೇ ಗಾಳಿಯ ಒತ್ತಡ ಸರಿಪಡಿಸಿಕೊಳ್ಳಿ, ರಿಮ್‌ನ ಒಳಬದಿಯಲ್ಲಿ ಕೆಸರು ಒಣಗಿ ಅಂಟಿದ್ದರೆ ತೊಳೆಯಿರಿ, ಟೈರಿನ ಪಕ್ಕದಲ್ಲಿ ಉಬ್ಬು ಇದೆಯೇ ಎಂದು ಕೈಯಾಡಿಸಿ ನೋಡಿ. ಬಹಳ ದಿನ ನಿಂತಲ್ಲೇ ನಿಂತಿದ್ದ ವಾಹನವಾದರೆ, ಟೈರ್ ಬಿಸಿಯಾದ ಮೇಲೂ ನಡುಕ ಉಳಿಯುತ್ತದೆಯೇ ಎಂಬುದನ್ನು ಗಮನಿಸಿ. ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ವಾಹನದಲ್ಲಿ ಎಲ್ಲ ಟೈರ್‌ಗಳ ಅಳತೆ ಮತ್ತು ಸವೆತ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಇಲ್ಲವಾದರೆ ಇಕ್ಕಟ್ಟಾದ ತಿರುವಿನಲ್ಲಿ ವಾಹನ ಹಿಡಿದೆಳೆದಂತಾಗಿ ಕಟಕಟ ಸದ್ದು ಬರಬಹುದು.

ಮುಂದಿನದು ರಸ್ತೆ ಪರೀಕ್ಷೆ. ನುಣುಪಾದ, ವಾಹನ ಸಂಚಾರವಿಲ್ಲದ ನೇರ ರಸ್ತೆಯನ್ನು ಆರಿಸಿಕೊಳ್ಳಿ, ಬರೆದುಕೊಳ್ಳಲು ಪಕ್ಕದಲ್ಲಿ ಒಬ್ಬರಿರಲಿ. ನಡುಕ ಬರುವ ವೇಗದಲ್ಲೇ ಸಾಗುತ್ತ, ಮ್ಯಾನ್ಯುವಲ್ ಮೋಡ್‌ನಲ್ಲಿ ಒಂದು ಗೇರ್ ಕೆಳಗಿಳಿಸಿ. ಆರ್‌ಪಿಎಂ ಏರಿದರೂ ನಡುಕ ಬದಲಾಗದಿದ್ದರೆ ದೋಷ ಎಂಜಿನ್‌ನದಲ್ಲ. ಚಕ್ರ, ಆ್ಯಕ್ಸಲ್, ಪ್ರೊಪೆಲ್ಲರ್ ಶಾಫ್ಟ್‌ಗಳ (ಹಿಂದಿನ ಚಕ್ರಗಳತ್ತ ಶಕ್ತಿ ಒಯ್ಯುವ ಉದ್ದನೆಯ ದಂಡ) ಕಡೆ ನೋಡಬೇಕು. ಎಂಜಿನ್ ನಿಲ್ಲಿಸಿ ಈ ಪರೀಕ್ಷೆ ಮಾಡುವ ಸಾಹಸ ಯಾವ ಕಾರಣಕ್ಕೂ ಬೇಡ, ಸ್ಟೀರಿಂಗ್ ಮತ್ತು ಬ್ರೇಕ್ ಎರಡಕ್ಕೂ ಸಿಗುವ ನೆರವು ತಪ್ಪುತ್ತದೆ. ಸ್ಟೀರಿಂಗ್ ಅದುರಿದರೆ ಸಾಮಾನ್ಯವಾಗಿ ಮುಂದಿನ ಚಕ್ರಗಳ ಮೇಲೆ, ಸೀಟು ಮತ್ತು ನೆಲ ಅದುರಿದರೆ ಹಿಂದಿನ ಚಕ್ರ ಅಥವಾ ಶಾಫ್ಟ್ ಮೇಲೆ ಅನುಮಾನ ಪಡಬೇಕು.

ಚಕ್ರವೋ ಶಾಫ್ಟೋ ಎಂಬುದನ್ನು ಲೆಕ್ಕವೇ ಹೇಳುತ್ತದೆ. ಸುತ್ತಳತೆ ಸುಮಾರು 2.2 ಮೀಟರ್ ಇರುವ ಟೈರ್, ಗಂಟೆಗೆ 100 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 12ರಿಂದ 13 ಸುತ್ತು ತಿರುಗುತ್ತದೆ. ಶಾಫ್ಟ್‌ನ ತಿರುಗುವಿಕೆಯನ್ನು ಹಿಂದಿನ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್‌ನ ಅನುಪಾತ 3.7 ಆಗಿದ್ದರೆ (ಚಕ್ರದ ಒಂದು ಸುತ್ತಿಗೆ ಶಾಫ್ಟ್‌ನ 3.7 ಸುತ್ತು) ಪ್ರೊಪೆಲ್ಲರ್ ಶಾಫ್ಟ್ ಅದೇ ಹೊತ್ತಿಗೆ ಸುಮಾರು 47 ಸುತ್ತು ತಿರುಗಿರುತ್ತದೆ. ಕಂಪನ ಅಳೆಯುವ ಆ್ಯಪ್ ಇರುವ ಮೊಬೈಲನ್ನು ಸೀಟುಗಳ ನಡುವಿನ ಗಟ್ಟಿ ಜಾಗದಲ್ಲಿ ಅಲುಗದಂತೆ ಇಟ್ಟು, ಪಕ್ಕದಲ್ಲಿ ಕುಳಿತವರು ನೋಡಲಿ: ಅದೇ ವೇಗದಲ್ಲಿ 12–13 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಕಂಡರೆ ಚಕ್ರ, 47ರ ಆಸುಪಾಸು ಕಂಡರೆ ಶಾಫ್ಟ್. ಶಾಫ್ಟ್‌ನ ದೋಷ ಕೆಲವೊಮ್ಮೆ ಕಣ್ಣಿಗೇ ಕಾಣುತ್ತದೆ. ಸಮತೋಲನಕ್ಕೆಂದು ಅದರ ಮೇಲೆ ಬೆಸೆದಿರುವ ಉಕ್ಕಿನ ಚಿಕ್ಕ ಬಿಲ್ಲೆ ಕಳಚಿ ಬಿದ್ದಿದ್ದರೆ ಬೆಸುಗೆಯ ಗುರುತಷ್ಟೇ ಉಳಿದಿರುತ್ತದೆ. ತಳಕ್ಕೆ ತುಕ್ಕುನಿರೋಧಕ ಲೇಪನ ಮಾಡಿಸುವಾಗ ಶಾಫ್ಟ್‌ಗೆ ಸಿಡಿದ ದಪ್ಪ ಪದರವೂ ಸಮತೋಲನ ಕೆಡಿಸಬಲ್ಲದು.

ಆಕ್ಸಿಲರೇಟರ್ ಒತ್ತಿದಾಗ ನಡುಗಿ, ಕಾಲು ತೆಗೆದೊಡನೆ ಶಾಂತವಾಗುವ ವಾಹನದಲ್ಲಿ ಒಳಬದಿಯ ಸಿ.ವಿ. ಜಾಯಿಂಟ್ (ಆ್ಯಕ್ಸಲ್‌ನ ತುದಿಯಲ್ಲಿರುವ ಬಾಗಬಲ್ಲ ಕೀಲು) ಸವೆದಿರುವ ಸಾಧ್ಯತೆ ಹೆಚ್ಚು. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟಕ್ ಟಕ್ ಎಂದರೆ ಹೊರಬದಿಯ ಜಾಯಿಂಟ್ ನೋಡಿಸಿ. ಜಾಯಿಂಟನ್ನು ಮುಚ್ಚಿರುವ ರಬ್ಬರ್ ಬೂಟ್ ಹರಿದು ರಿಮ್‌ನ ಒಳಗೆ ಗ್ರೀಸ್ ಸಿಡಿದಿದ್ದರೆ ಸಂಶಯವೇ ಬೇಡ. ವಾಹನ ಒಂದು ಬದಿಗೆ ವಾಲಿದಾಗ ಮಾತ್ರ ಗುಂಯ್‌ಗುಟ್ಟುವುದು ವೀಲ್ ಬೇರಿಂಗ್‌ನ ಲಕ್ಷಣ.

ಆಟೊಮ್ಯಾಟಿಕ್ ವಾಹನಗಳಲ್ಲಿ ಅತಿ ಹೆಚ್ಚು ದಾರಿ ತಪ್ಪಿಸುವುದು, ಎಂಜಿನ್‌ನ ಶಕ್ತಿಯನ್ನು ದ್ರವದ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್‌ನ ನಡುಕ. ಗಂಟೆಗೆ 40ರಿಂದ 80 ಕಿ.ಮೀ. ವೇಗದಲ್ಲಿ, ಆಕ್ಸಿಲರೇಟರನ್ನು ಹಗುರವಾಗಿ ಒತ್ತಿಕೊಂಡಿರುವಾಗ, ಸಾಲು ಉಬ್ಬುಪಟ್ಟಿಗಳ ಮೇಲೆ ಹಾದುಹೋದಂತೆ ಒಂದೆರಡು ಸೆಕೆಂಡ್ ಅದುರಿ ನಿಲ್ಲುತ್ತದೆ. ಎಷ್ಟೋ ಬಾರಿ ಇದನ್ನು ಟೈರಿನ ತಲೆಗೆ ಕಟ್ಟುತ್ತಾರೆ. ಎಂಜಿನ್ ಮತ್ತು ಗೇರ್‌ಬಾಕ್ಸ್‌ಗಳನ್ನು ನೇರವಾಗಿ ಜೋಡಿಸುವ, ಕನ್ವರ್ಟರ್‌ನೊಳಗಿನ ಲಾಕಪ್ ಕ್ಲಚ್ ಜಾರಿ ಜಾರಿ ಹಿಡಿಯುವುದರಿಂದ ಹೀಗಾಗುತ್ತದೆ. ತಯಾರಕರು ಹೇಳಿದ ದರ್ಜೆಯ ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್ (ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಎಣ್ಣೆ) ಹಾಕಿ, ಗೇರ್‌ಬಾಕ್ಸ್‌ನ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೆ ಹಲವು ಸಲ ಸರಿಹೋಗುತ್ತದಾದ್ದರಿಂದ, ಗೇರ್‌ಬಾಕ್ಸ್ ಇಳಿಸುವ ಮಾತಿಗೆ ಕೂಡಲೇ ಒಪ್ಪಬೇಡಿ.

ಸರ್ವಿಸ್ ಸೆಂಟರ್‌ನಲ್ಲಿ ‘ಗಾಡಿ ನಡುಗುತ್ತದೆ’ ಎಂದಷ್ಟೇ ಹೇಳಿದರೆ ಉಪಯೋಗವಿಲ್ಲ. ವೇಗ, ಗೇರ್, ಆರ್‌ಪಿಎಂ, ಎಂಜಿನ್ ತಣ್ಣಗಿತ್ತೋ ಬಿಸಿಯಾಗಿತ್ತೋ ಎಂಬುದೆಲ್ಲ ಜಾಬ್ ಕಾರ್ಡ್‌ನಲ್ಲಿ ದಾಖಲಾಗಲಿ, ಅದರ ಪ್ರತಿ ನಿಮ್ಮ ಬಳಿ ಇರಲಿ. ತಂತ್ರಜ್ಞರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಡುಕವನ್ನು ತೋರಿಸಿಕೊಡಿ. ‘ಈ ಮಾಡೆಲ್ ಇರುವುದೇ ಹೀಗೆ’ ಎಂಬ ಉತ್ತರ ಬಂದರೆ, ಅದೇ ಮಾಡೆಲ್‌ನ ಇನ್ನೊಂದು ವಾಹನವನ್ನು ಅದೇ ರಸ್ತೆಯಲ್ಲಿ ಓಡಿಸಿ ನೋಡಲು ಅವಕಾಶ ಕೇಳಿ. ಈ ದೋಷದ ಬಗ್ಗೆ ತಯಾರಕರು ಸರ್ವಿಸ್ ಬುಲೆಟಿನ್ (ಸರ್ವಿಸ್ ಸೆಂಟರ್‌ಗಳಿಗೆ ಕಳಿಸುವ ದುರಸ್ತಿ ಸೂಚನೆ) ಹೊರಡಿಸಿದ್ದಾರೆಯೇ ಎಂದೂ ವಿಚಾರಿಸಿ. ದುರಸ್ತಿಯಾದ ಮೇಲೆ ಬಿಲ್ಲಿಗೆ ಸಹಿ ಹಾಕುವ ಮುನ್ನ, ಮೊದಲಿನ ವೇಗ ಮತ್ತು ಗೇರ್‌ನಲ್ಲೇ ಇನ್ನೊಮ್ಮೆ ಓಡಿಸಿ, ಮೊಬೈಲ್ ತೋರಿಸುವ ಅಂಕಿಯನ್ನು ಹಿಂದಿನದರೊಂದಿಗೆ ತಾಳೆ ನೋಡಿ.