ಕೋ ತಾವ್‌ಗೆ ಡೈವಿಂಗ್ ಕೆಲಸ ಹುಡುಕಿಕೊಂಡು ಬರುವ ಕನ್ನಡಿಗರಿಗೆ

ನೇತ್ರಾಣಿಯಲ್ಲಿ ಒಮ್ಮೆ ನೀರಿಗಿಳಿದು ಬಂದವರಿಗೆ ಡೈವಿಂಗ್ ಹುಚ್ಚು ಹಿಡಿಯುವುದು ಸಹಜ. ಇದನ್ನೇ ಕೆಲಸ ಮಾಡಿಕೊಂಡರೆ ಹೇಗೆ ಅಂತ ಯೋಚನೆ ಶುರುವಾಗುತ್ತದೆ. ಹುಡುಕುತ್ತಾ ಹೋದರೆ ಥಾಯ್ಲೆಂಡ್ ಕೊಲ್ಲಿಯ ಕೋ ತಾವ್ ದ್ವೀಪದ ಹೆಸರು ಸಿಗುತ್ತದೆ. ಬರೀ 21 ಚದರ ಕಿಲೋಮೀಟರ್ ಜಾಗ, ಬೀದಿ ಬೀದಿಗೂ ಡೈವ್ ಶಾಲೆ. ನಾನು ಇಲ್ಲೇ ನೆಲೆಸಿ ಡೈವಿಂಗ್ ಕಲಿಸುತ್ತಿದ್ದೇನೆ. ಬೆಂಗಳೂರಿನಲ್ಲಿ ಕೆಲಸ ಬಿಟ್ಟವರು, ಕರಾವಳಿಯ ಹುಡುಗರು, ಓದು ಮುಗಿಸಿದ ಹೆಣ್ಣುಮಕ್ಕಳು ಹೀಗೆ ನಮ್ಮ ಕಡೆಯವರು ಆಗಾಗ ಬಂದು ವಿಚಾರಿಸುತ್ತಾರೆ. ಎಲ್ಲರಿಗೂ ಹೇಳುವ ಮೊದಲ ಮಾತು ಒಂದೇ: ಕೋರ್ಸ್ ಮುಗಿಸಿದಾಗ ಸಿಗುವ ಕಾರ್ಡ್‌ಗೆ ಅವಸರ ಮಾಡಬೇಡಿ. ನೀರಿನಲ್ಲಿ ಬೇರೆಯವರ ಜೀವ ನೋಡಿಕೊಳ್ಳುವ ಕೆಲಸ ಇದು. ಅದಕ್ಕೆ ಸಮಯ ಕೊಡಲೇಬೇಕು.

ಯಾವಾಗ ಬರಬೇಕು?

ನಮ್ಮೂರಿನ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಕರಾವಳಿಯಲ್ಲಿ ಸಮುದ್ರ ಅಬ್ಬರಿಸುತ್ತಿರುತ್ತದೆ, ನೇತ್ರಾಣಿಗೆ ದೋಣಿ ಹೋಗುವುದಿಲ್ಲ. ಆದರೆ ಕೋ ತಾವ್‌ನಲ್ಲಿ ಆಗ ಒಳ್ಳೆ ಸೀಸನ್. ಇಲ್ಲಿ ಜೋರು ಮಳೆ, ಅಲೆ ಎಲ್ಲ ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ. ನವೆಂಬರ್‌ನಲ್ಲಂತೂ ಕೆಲವು ದಿನ ಫೆರಿಯೇ ಬರುವುದಿಲ್ಲ. ದೀಪಾವಳಿ ರಜೆ ಅಂತ ಆಗ ಬಂದರೆ ರೂಮಿನಲ್ಲೇ ಕೂರಬೇಕಾದೀತು.

ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನೇರ ವಿಮಾನ ಇದೆ. ಅಲ್ಲಿಂದ ಬಸ್ಸಿನಲ್ಲೋ ರೈಲಿನಲ್ಲೋ ಚುಂಫೋನ್‌ವರೆಗೆ ಬಂದು, ಫೆರಿ ಹತ್ತಿ ಮೇ ಹಾಡ್ ಬಂದರಿನಲ್ಲಿ ಇಳಿಯಬೇಕು. ಹೆಚ್ಚಿನ ಶಾಲೆಗಳು ಸೈರೀ ಬೀಚಿನ ಸುತ್ತ ಇವೆ. ಗಲಾಟೆ ಬೇಡ ಅನ್ನುವವರು ದಕ್ಷಿಣದ ಚಲೋಕ್ ಕಡೆ ರೂಮು ಹುಡುಕುತ್ತಾರೆ. ಬಂದರಿನಲ್ಲಿ ಇಳಿದ ತಕ್ಷಣ ಎದುರಿಗೆ ಬಂದವರ ಜೊತೆ ಹೋಗಿಬಿಡಬೇಡಿ. ಎರಡು ದಿನ ಸುಮ್ನೆ ಸುತ್ತಾಡಿ. ನಾಲ್ಕು ಶಾಲೆಗೆ ಹೋಗಿ ಕೂತು ಮಾತಾಡಿ. ಒಬ್ಬ ಇನ್‌ಸ್ಟ್ರಕ್ಟರ್ ಎಷ್ಟು ಜನರನ್ನು ನೀರಿಗೆ ಕರೆದೊಯ್ಯುತ್ತಾರೆ, ಬಾಡಿಗೆ ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಉಪಕರಣ) ಯಾವಾಗ ಸರ್ವೀಸ್ ಆಗಿದೆ, ದೋಣಿಯಲ್ಲಿ ಆಕ್ಸಿಜನ್ ಇದೆಯಾ ಅಂತ ಕೇಳಿ. ಈ ಮೂರಕ್ಕೂ ಸಲೀಸಾಗಿ ಉತ್ತರ ಕೊಡದ ಕಡೆ ದುಡ್ಡು ಕಟ್ಟಬೇಡಿ.

ಮೆಟ್ಟಿಲು ಒಂದೊಂದೇ

ಪ್ಯಾಡಿ, ಎಸ್‌ಎಸ್‌ಐ ಅನ್ನುವ ಎರಡು ತರಬೇತಿ ಸಂಸ್ಥೆಗಳ ಶಾಲೆಗಳೂ ಇಲ್ಲಿವೆ. ಕಲಿಯುವವರಿಗೆ ಅಂಥ ದೊಡ್ಡ ವ್ಯತ್ಯಾಸ ಇಲ್ಲ. ಪ್ಯಾಡಿಯ ದಾರಿ ಹೀಗಿದೆ. ಮೊದಲು ಓಪನ್ ವಾಟರ್: ಸಮುದ್ರದಲ್ಲಿ 4 ಡೈವ್, 18 ಮೀಟರ್ ಆಳದವರೆಗೆ. ನಂತರ ಅಡ್ವಾನ್ಸ್ಡ್: 5 ಡೈವ್, 30 ಮೀಟರ್‌ವರೆಗೆ. ಆಮೇಲೆ ರೆಸ್ಕ್ಯೂ, ಅಂದರೆ ಕಷ್ಟದಲ್ಲಿರುವ ಡೈವರನ್ನು ಕಾಪಾಡುವುದು. ಅದಾದ ಮೇಲೆ ಡೈವ್‌ಮಾಸ್ಟರ್, ಅಂದರೆ ಡೈವರ್‌ಗಳನ್ನು ನೀರಿನಲ್ಲಿ ಕರೆದೊಯ್ಯುವ ಗೈಡ್; ಇಲ್ಲಿಂದ ವೃತ್ತಿ ಶುರು. ಅದಕ್ಕೆ 18 ವರ್ಷ ತುಂಬಿರಬೇಕು, ಸೇರುವಾಗ 40 ಡೈವ್ ಆಗಿರಬೇಕು, ಮುಗಿಸುವ ಹೊತ್ತಿಗೆ 60. ಇನ್‌ಸ್ಟ್ರಕ್ಟರ್ ಪರೀಕ್ಷೆಗೆ ಕೂರಲು 100 ಡೈವ್ ಬೇಕು, ಮೊದಲ ಕಾರ್ಡ್ ಸಿಕ್ಕಿ 6 ತಿಂಗಳಾಗಿರಬೇಕು.

ಮೊದಲ ಕಾರ್ಡನ್ನು ಇಲ್ಲೇ ಬಂದು ತೆಗೆದುಕೊಳ್ಳಬೇಕು ಅಂತೇನಿಲ್ಲ. ಅಂಡಮಾನಿನ ಹ್ಯಾವ್ಲಾಕ್‌ನಲ್ಲಿ ಚೆನ್ನಾಗಿ ಕಲಿಸುತ್ತಾರೆ. ಕಾರ್ಡ್ ಎಲ್ಲಿ ತೆಗೆದುಕೊಂಡರೂ ಎಲ್ಲ ಕಡೆ ನಡೆಯುತ್ತದೆ. ಮೊದಲು ಅಲ್ಲಿ ಮಾಡಿ ನೋಡಿ. ಈ ಕೆಲಸ ನಿಮಗೆ ಸರಿಯಾ ಅಂತ ಗೊತ್ತಾಗಲು ಊರು ಬಿಟ್ಟು ಬರಬೇಕಾಗಿಲ್ಲ. ಈಜು ಬಾರದವರು ಮೊದಲು ಊರಿನ ಈಜುಕೊಳದಲ್ಲೇ ಕಲಿಯಿರಿ. ಡೈವ್‌ಮಾಸ್ಟರ್ ಆಗಲು 400 ಮೀಟರ್ ನಿಲ್ಲದೆ ಈಜಬೇಕು, 15 ನಿಮಿಷ ಕಾಲು ನೆಲಕ್ಕೆ ತಾಗಿಸದೆ ನೀರಿನಲ್ಲಿ ನಿಲ್ಲಬೇಕು, ಸುಸ್ತಾದ ಡೈವರನ್ನು 100 ಮೀಟರ್ ಎಳೆದುಕೊಂಡು ಬರಬೇಕು. ಇಲ್ಲಿಗೆ ಬಂದು ಈಜು ಕಲಿಯಲು ಕೂತರೆ ದುಡ್ಡೂ ಹೋಗುತ್ತದೆ, ಧೈರ್ಯವೂ ಕುಗ್ಗುತ್ತದೆ.

‘ಝೀರೋ ಟು ಹೀರೋ’ ಅಂತ ಒಂದು ಪ್ಯಾಕೇಜ್ ಇಲ್ಲಿ ಎಲ್ಲೆಲ್ಲೂ ಮಾರುತ್ತಾರೆ. ಏನೂ ಗೊತ್ತಿಲ್ಲದವರನ್ನು ಒಂದೇ ಉಸಿರಿಗೆ ಇನ್‌ಸ್ಟ್ರಕ್ಟರ್ ಮಾಡುವ ಪ್ಯಾಕೇಜ್. ನಿಯಮದ ಪ್ರಕಾರ ತಪ್ಪಿಲ್ಲ. ಆದರೆ ನನಗೆ ಇದು ಇಷ್ಟವಿಲ್ಲ. ಲಾಗ್‌ಬುಕ್‌ನಲ್ಲಿ 100 ಡೈವ್ ಇರುತ್ತದೆ, ಅಷ್ಟೂ ಟ್ವಿನ್ಸ್, ವೈಟ್ ರಾಕ್, ಜಪಾನೀಸ್ ಗಾರ್ಡನ್ಸ್‌ನಲ್ಲೇ ಆಗಿರುತ್ತದೆ. ಇವೆಲ್ಲ ಶಾಂತವಾದ, ಹೆಚ್ಚು ಆಳವಿಲ್ಲದ ಜಾಗಗಳು. ಸೆಳೆತ ಹೇಗಿರುತ್ತದೆ, ಮುಂದಿನ ಮನುಷ್ಯ ಕಾಣದಷ್ಟು ನೀರು ಮಸುಕಾದರೆ ಏನು ಮಾಡಬೇಕು ಅನ್ನುವುದು ಅವರಿಗೆ ಎಲ್ಲಿಂದ ಗೊತ್ತಾಗಬೇಕು? ಅದಕ್ಕೇ ಒಂದೊಂದು ಕೋರ್ಸ್ ಮುಗಿದ ಮೇಲೂ ಕೆಲವು ವಾರ ಸುಮ್ನೆ ಡೈವ್ ಮಾಡಿ. ಚುಂಫೋನ್ ಪಿನಾಕಲ್‌ಗೆ ಹೋಗಿ, ಅದೃಷ್ಟವಿದ್ದರೆ ತಿಮಿಂಗಿಲ ಶಾರ್ಕ್ ಕಾಣುತ್ತದೆ. ಸೇಲ್ ರಾಕ್‌ಗೆ ಹೋಗಿ. 2011ರಲ್ಲಿ ಥಾಯ್ ನೌಕಾಪಡೆ ಇಲ್ಲೇ ಮುಳುಗಿಸಿದ ಸತ್ತಾಕುಟ್ ಹಡಗನ್ನು ನೋಡಿ, ಅದರ ತಳ ಸುಮಾರು 30 ಮೀಟರ್ ಆಳದಲ್ಲಿದೆ. ಸಾಧ್ಯವಾದರೆ ಥಾಯ್ಲೆಂಡಿನ ಪಶ್ಚಿಮಕ್ಕೆ ಅಂಡಮಾನ್ ಸಮುದ್ರದಲ್ಲಿರುವ ಸಿಮಿಲಾನ್ ದ್ವೀಪಗಳ ಕಡೆಗೂ ಒಮ್ಮೆ ಹೋಗಿಬನ್ನಿ. ಅದು ಅಕ್ಟೋಬರ್ ಮಧ್ಯದಿಂದ ಮೇ ಮಧ್ಯದವರೆಗೆ ಮಾತ್ರ ತೆರೆದಿರುತ್ತದೆ.

ಕಿವಿ, ಉಸಿರು, ತಲೆ

ಆಗುಂಬೆ ಘಾಟಿ ಇಳಿಯುವಾಗ ಕಿವಿ ಕಟ್ಟುತ್ತದಲ್ಲ, ನೀರಿನಲ್ಲಿ ಅದು ಮೊದಲ ಎರಡು ಮೀಟರಿನಲ್ಲೇ ಆಗುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳಬೇಕು. ನೋವು ಬರುವ ಮುಂಚೆಯೇ ಶುರುಮಾಡಿ, ಇಳಿಯುತ್ತಾ ಆಗಾಗ ಮಾಡುತ್ತಲೇ ಇರಬೇಕು. ನೋವಾದರೆ ಒಂದು ಮೀಟರ್ ಮೇಲಕ್ಕೆ ಬಂದು ಮತ್ತೆ ಪ್ರಯತ್ನಿಸಿ. ಬಲವಾಗಿ ಊದಬೇಡಿ. ನೆಗಡಿ ಇದ್ದರೆ ಅವತ್ತು ನೀರಿಗಿಳಿಯಬೇಡಿ, ಮಾತ್ರೆ ನುಂಗಿ ಇಳಿಯುವುದಂತೂ ಬೇಡವೇ ಬೇಡ. ಕೆಳಗಿರುವಾಗ ಮಾತ್ರೆಯ ಪ್ರಭಾವ ಇಳಿದರೆ ಒಳಗಿನ ಗಾಳಿ ಸಿಕ್ಕಿಹಾಕಿಕೊಂಡು ಮೇಲೆ ಬರುವಾಗ ಕಷ್ಟವಾಗುತ್ತದೆ. ದಿನಾ ಡೈವ್ ಮಾಡುವವರ ಸಂಪಾದನೆ ಕಿವಿಯ ಮೇಲೇ ನಿಂತಿದೆ. ಒಂದು ಸೋಂಕು ಬಂದರೆ ವಾರಗಟ್ಟಲೆ ಕೆಲಸ ಇಲ್ಲ. ಡೈವ್ ಮುಗಿದ ಮೇಲೆ ಸಿಹಿನೀರಿನಲ್ಲಿ ಕಿವಿ ತೊಳೆದು ಒಣಗಲು ಬಿಡಿ, ಕಡ್ಡಿ ಹಾಕಬೇಡಿ.

10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡು ಪಟ್ಟು. ಅಲ್ಲಿ ತುಂಬಿಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಉಸಿರು ಕಟ್ಟಿ ಮೇಲಕ್ಕೆ ಬಂದರೆ ಶ್ವಾಸಕೋಶ ಹರಿಯಬಹುದು. ಹಾಗಾಗಿ ಉಸಿರು ಹಿಡಿಯಬಾರದು ಅನ್ನುವುದು ಎಲ್ಲಕ್ಕಿಂತ ದೊಡ್ಡ ನಿಯಮ. ನಿಧಾನವಾಗಿ ಮೇಲೆ ಬನ್ನಿ, 5 ಮೀಟರಿನಲ್ಲಿ 3 ನಿಮಿಷ ನಿಲ್ಲಿ. ಸಿಲಿಂಡರಿನಲ್ಲಿ 50 ಬಾರ್ ಒತ್ತಡದ ಗಾಳಿ ಉಳಿದಿರುವಾಗಲೇ ದೋಣಿಗೆ ಮರಳಿ.

ಇನ್ನೊಂದು ವಿಷಯ ನಮ್ಮವರು ಗಮನಿಸಲೇಬೇಕು. ನೀರಿನೊಳಗೆ ಹೆಬ್ಬೆರಳು ಎತ್ತಿದರೆ ‘ಮೇಲೆ ಹೋಗೋಣ’ ಅಂತ. ‘ಎಲ್ಲ ಸರಿಯಿದೆ’ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ವೃತ್ತ ಮಾಡಬೇಕು. ನಮ್ಮವರು ಖುಷಿಯಲ್ಲಿ ಹೆಬ್ಬೆರಳು ಎತ್ತುತ್ತಾರೆ, ಗೈಡ್ ಗಾಬರಿಯಾಗಿ ಮೇಲೆ ಕರೆದುಕೊಂಡು ಹೋಗಿಬಿಡುತ್ತಾರೆ. ತಲೆಯಾಡಿಸುವುದೂ ಅಷ್ಟೇ. ಮೂರು ಮೀಟರ್ ಕೆಳಗೆ ಯುರೋಪಿನ ಇನ್‌ಸ್ಟ್ರಕ್ಟರ್ ‘ಸರೀನಾ’ ಅಂತ ಸನ್ನೆ ಮಾಡಿದಾಗ ನಮ್ಮೂರ ಅಮ್ಮ ಒಬ್ಬರು ತಲೆಯನ್ನು ಆ ಕಡೆ ಈ ಕಡೆ ಮೆಲ್ಲಗೆ ಆಡಿಸುತ್ತಾರೆ. ನಮಗೆ ಅದು ‘ಆಯ್ತು’. ಅವರಿಗೆ ಅದು ‘ಇಲ್ಲ, ಏನೋ ತೊಂದರೆ’. ಇಂಥ ಕಡೆ ಕನ್ನಡ, ಹಿಂದಿ, ತಮಿಳು ಬಲ್ಲ ಇನ್‌ಸ್ಟ್ರಕ್ಟರ್ ಇದ್ದರೆ ದಡದಲ್ಲೇ ಎಲ್ಲವನ್ನೂ ಬಿಡಿಸಿ ಹೇಳಬಹುದು. ಈಗ ಭಾರತದಿಂದ ಬರುವವರು ಜಾಸ್ತಿ. ನಿಮ್ಮ ಭಾಷೆಗಳೇ ಕೆಲಸ ಸಿಗಲು ದೊಡ್ಡ ಆಧಾರ. ಅರ್ಜಿಯಲ್ಲಿ ಗೊತ್ತಿರುವ ಭಾಷೆಗಳನ್ನೆಲ್ಲ ಮೊದಲ ಸಾಲಿನಲ್ಲೇ ಬರೆಯಿರಿ.

ಟೈಟನ್ ಟ್ರಿಗರ್‌ಫಿಶ್ ಅಂತ ಒಂದು ಮೀನಿದೆ. ಮೊಟ್ಟೆ ಕಾಯುವಾಗ ಹತ್ತಿರ ಹೋದವರನ್ನು ಕಚ್ಚಲು ಬರುತ್ತದೆ. ಅದು ಕಾಯುವ ಜಾಗ ಗೂಡಿನಿಂದ ಮೇಲಕ್ಕೆ ಅಗಲವಾಗುತ್ತಾ ಹೋಗುತ್ತದೆ. ಹಾಗಾಗಿ ಮೇಲಕ್ಕೆ ಓಡಬೇಡಿ, ಫಿನ್‌ಗಳನ್ನು ಅದರ ಕಡೆ ಇಟ್ಟುಕೊಂಡು ಅಡ್ಡಕ್ಕೆ ದೂರ ಹೋಗಿ.

ಕೆಲಸ ಅಂದರೆ ಏನು?

ಬೆಳಗ್ಗೆ ಬೇಗ ದೋಣಿಗೆ ಸಿಲಿಂಡರ್ ಹೊರುವುದರಿಂದ ದಿನ ಶುರು. ಒಂದೊಂದೂ ಹದಿನೈದು ಕಿಲೋ ಹತ್ತಿರ. ಪ್ರತಿ ಸಿಲಿಂಡರಿಗೆ ಬಿಸಿಡಿ (ಗಾಳಿ ತುಂಬಿ ತೇಲುವುದನ್ನು ಹತೋಟಿಯಲ್ಲಿಡುವ ಜಾಕೆಟ್), ರೆಗ್ಯುಲೇಟರ್ ಕಟ್ಟಿ, ವಾಲ್ವ್ ನಿಧಾನಕ್ಕೆ ತೆರೆದು ಕಿವಿಗೊಟ್ಟು ಕೇಳಬೇಕು. ಸಿಲಿಂಡರಿನ ಬಾಯಿಯಲ್ಲಿರುವ ಪುಟ್ಟ ರಬ್ಬರ್ ಬಳೆ, ಅಂದರೆ ಓ-ರಿಂಗ್, ಸವೆದಿದ್ದರೆ ಸಣ್ಣಗೆ ‘ಸ್ಸ್’ ಅನ್ನುತ್ತದೆ. ಅದನ್ನು ಆಗಲೇ ಬದಲಿಸಬೇಕು, ‘ಪರವಾಗಿಲ್ಲ, ಸ್ವಲ್ಪ ತಾನೇ’ ಅಂತ ಬಿಡುವಂತಿಲ್ಲ. ಎರಡು ಡೈವ್, ಮಧ್ಯಾಹ್ನ ಮತ್ತೆ ಎರಡು, ಕೆಲವು ದಿನ ರಾತ್ರಿ ಡೈವ್. ಕೊನೆಗೆ ಎಲ್ಲ ಸಾಮಾನು ತೊಳೆದು ನೇತುಹಾಕುವುದು. ಮೀನು ನೋಡುವ ಸಮಯ ಕಡಿಮೆ. ಕಣ್ಣು ಯಾವಾಗಲೂ ಹಿಂದೆ ಬರುವವರ ಮೇಲಿರಬೇಕು: ಯಾರ ಕಣ್ಣು ದೊಡ್ಡದಾಗಿದೆ, ಯಾರ ಗುಳ್ಳೆ ಬೇಗ ಬೇಗ ಬರುತ್ತಿದೆ ಅಂತ. ಗಾಬರಿ ಮುಖಕ್ಕಿಂತ ಮೊದಲು ಗುಳ್ಳೆಯಲ್ಲೇ ಗೊತ್ತಾಗುತ್ತದೆ.

ಡೈವ್‌ಮಾಸ್ಟರ್ ತರಬೇತಿಯಲ್ಲಿ ಸಂಬಳ ಇರುವುದಿಲ್ಲ, ನೀವೇ ಫೀಸು ಕಟ್ಟಬೇಕು. ಇನ್‌ಸ್ಟ್ರಕ್ಟರ್ ಆದ ಮೇಲೂ ಬಹಳ ಕಡೆ ತಿಂಗಳ ಸಂಬಳ ಇಲ್ಲ, ಒಬ್ಬ ವಿದ್ಯಾರ್ಥಿಗೆ ಇಷ್ಟು ಅಂತ ಲೆಕ್ಕ. ಸೀಸನ್‌ನಲ್ಲಿ ಕೈತುಂಬ, ನವೆಂಬರ್‌ನಲ್ಲಿ ಖಾಲಿ. ಊರಿಗೆ ತಿಂಗಳು ತಿಂಗಳು ದುಡ್ಡು ಕಳಿಸಲೇಬೇಕಾದ ಜವಾಬ್ದಾರಿ ಇರುವವರು ಇದನ್ನು ಮನೆಯವರ ಜೊತೆ ಕೂತು ಮೊದಲೇ ಮಾತಾಡಿಕೊಳ್ಳಿ. ಕನಿಷ್ಠ ಆರು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೊಂಡೇ ಬನ್ನಿ.

ಕಾಗದಪತ್ರದ ವಿಷಯದಲ್ಲಿ ಯಾರ ಮಾತಿಗೂ ಮರುಳಾಗಬೇಡಿ. ಪ್ರವಾಸಿಯಾಗಿ ಬಂದು ಕೆಲಸ ಮಾಡುವಂತಿಲ್ಲ. ನಾನ್-ಇಮಿಗ್ರಂಟ್ ಬಿ ವೀಸಾ ಬೇಕು, ಅದರ ಮೇಲೆ ವರ್ಕ್ ಪರ್ಮಿಟ್ ಬೇಕು. 2025ರಿಂದ ಭಾರತೀಯರ ವೀಸಾ ಅರ್ಜಿಯೆಲ್ಲ ಆನ್‌ಲೈನ್. ಪರ್ಮಿಟ್ ಮಾಡಿಸುವುದು ಕಂಪನಿಯ ಕೆಲಸ. ಸಾಮಾನ್ಯ ನಿಯಮದಂತೆ ಒಬ್ಬ ವಿದೇಶಿಗೆ ನಾಲ್ವರು ಥಾಯ್ ನೌಕರರು, 20 ಲಕ್ಷ ಬಾತ್ ಬಂಡವಾಳ ತೋರಿಸಬೇಕು. ಹಾಗಾಗಿ ಸಣ್ಣ ಅಂಗಡಿಗಳು ‘ಆಮೇಲೆ ನೋಡೋಣ’ ಅನ್ನುತ್ತವೆ. ಟೂರಿಸ್ಟ್ ಗೈಡ್ ಕೆಲಸ ಥಾಯ್ ಜನರಿಗೇ ಮೀಸಲು, ಹಾಗಾಗಿ ಬರೀ ಡೈವ್‌ಮಾಸ್ಟರ್ ಕಾರ್ಡಿಗೆ ಪರ್ಮಿಟ್ ಸಿಗುವುದು ಕಷ್ಟ, ಇನ್‌ಸ್ಟ್ರಕ್ಟರ್‌ಗೆ ದಾರಿ ಇದೆ. ಪರ್ಮಿಟ್ ಇಲ್ಲದೆ ಸಿಕ್ಕಿಬಿದ್ದರೆ 5,000ದಿಂದ 50,000 ಬಾತ್ ದಂಡ, ಗಡೀಪಾರು, ಮತ್ತೆ ಎರಡು ವರ್ಷ ಪರ್ಮಿಟ್ ಇಲ್ಲ. ಸಂಬಳ ಕೊಡುವುದಿಲ್ಲ, ಹಾಗಾಗಿ ಇದು ಕೆಲಸವೇ ಅಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಊಟ, ಬೈಕು, ವಿಮೆ

ಸಸ್ಯಾಹಾರಿಗಳಿಗೆ ಇಲ್ಲಿ ಬದುಕಲು ಆಗುತ್ತದೆ. ಆದರೆ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. ‘ಮೈ ಸಾಯ್ ನಾಮ್ ಪ್ಲಾ’ ಅಂದರೆ ಹಾಕುವುದಿಲ್ಲ. ‘ಕಿನ್ ಜೇ’ ಅಂದರೆ ಮೀನು, ಮೊಟ್ಟೆ, ಹಾಲು ಏನೂ ಇಲ್ಲದ ಅಡುಗೆ ಕೊಡುತ್ತಾರೆ, ಬೆಳ್ಳುಳ್ಳಿ ಈರುಳ್ಳಿಯೂ ಇರುವುದಿಲ್ಲ. ಅನ್ನಕ್ಕೆ ಕೊರತೆಯಿಲ್ಲ. ತೊಗರಿಬೇಳೆ, ಮಸಾಲೆ ಸಾಮಾನಿಗೆ ಬ್ಯಾಂಕಾಕಿನ ಫಾಹುರತ್‌ಗೆ ಹೋಗಿ, ಅದು ಅಲ್ಲಿನ ಭಾರತೀಯರ ಪೇಟೆ. ಸಾರಿನ ಪುಡಿ ಮಾತ್ರ ಮನೆಯಿಂದಲೇ ತನ್ನಿ.

ಯಾರ ಮನೆಗೆ ಹೋದರೂ ಚಪ್ಪಲಿ ಹೊರಗೆ. ಮಕ್ಕಳ ತಲೆ ಮುಟ್ಟಬೇಡಿ, ಪ್ರೀತಿಯಿಂದಲೂ ಬೇಡ. ರಾಜಮನೆತನದ ಬಗ್ಗೆ ತಮಾಷೆ, ಟೀಕೆ ಎರಡೂ ಬೇಡ, ಕಾನೂನು ಬಹಳ ಕಠಿಣ.

ಇಲ್ಲಿ ಜನ ಗಾಯಗೊಳ್ಳುವುದು ನೀರಿಗಿಂತ ಹೆಚ್ಚು ಬಾಡಿಗೆ ಬೈಕಿನಿಂದ. ರಸ್ತೆ ಕಡಿದಾದ ಏರಿಳಿತ, ತಿರುವಿನಲ್ಲಿ ಮರಳು. ಊರಿನಿಂದ ಬರುವಾಗಲೇ ಬೈಕಿಗೂ ಸೇರಿದ ಅಂತರರಾಷ್ಟ್ರೀಯ ಲೈಸೆನ್ಸ್ ಮಾಡಿಸಿಕೊಳ್ಳಿ, ಅದಿಲ್ಲದಿದ್ದರೆ ವಿಮೆ ದುಡ್ಡು ಸಿಗುವುದು ಅನುಮಾನ. ಬೈಕಿಗೆ ಪಾಸ್‌ಪೋರ್ಟ್ ಒತ್ತೆ ಇಡಬೇಡಿ. ಸಾಮಾನ್ಯ ಪ್ರವಾಸದ ವಿಮೆಯಲ್ಲಿ ಬಹಳ ಸಲ ಡೈವಿಂಗ್ ಸೇರಿರುವುದಿಲ್ಲ, ವೃತ್ತಿಗೆ ಮಾಡುವ ಡೈವ್ ಅಂತೂ ಇಲ್ಲವೇ ಇಲ್ಲ. ‘ಡ್ಯಾನ್’ನಂಥ ಡೈವರ್‌ಗಳ ಸಂಸ್ಥೆಯ ವಿಮೆ ಬೇರೆಯಾಗಿ ಮಾಡಿಸಿ. ಆಸ್ತಮಾ, ಹೃದಯದ ತೊಂದರೆ, ಕಿವಿಯ ಆಪರೇಷನ್ ಆಗಿದ್ದವರು ಡೈವ್ ಶಾಲೆಯ ಆರೋಗ್ಯದ ಫಾರಂನಲ್ಲಿ ಮುಚ್ಚಿಡದೆ ಬರೆದು, ಡಾಕ್ಟರ ಸಹಿ ಊರಲ್ಲೇ ಮಾಡಿಸಿಕೊಂಡು ಬನ್ನಿ.

ಊರಿಗೆ ಹೊರಡುವ ದಿನದ ಬಗ್ಗೆ ಒಂದು ಮಾತು. ಸಮುಯಿ ದ್ವೀಪದ ವಿಮಾನ ನಿಲ್ದಾಣ ಇಲ್ಲಿಂದ ಹತ್ತಿರ. ಬೆಳಗ್ಗೆ ಡೈವ್ ಮಾಡಿ ಸಂಜೆ ವಿಮಾನ ಹತ್ತಬಹುದಲ್ಲ ಅನ್ನಿಸುತ್ತದೆ. ಮಾಡಬೇಡಿ. ರಕ್ತದಲ್ಲಿ ಉಳಿದ ಸಾರಜನಕ ವಿಮಾನದ ಕಡಿಮೆ ಒತ್ತಡದಲ್ಲಿ ಗುಳ್ಳೆಯಾಗಬಹುದು. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ದಿನಾ ಡೈವ್ ಮಾಡಿದ್ದರೆ 18 ಗಂಟೆ ಬಿಡುವು ಬೇಕು. ಟಿಕೆಟ್ ಬುಕ್ ಮಾಡುವಾಗಲೇ ಕೊನೆಯ ದಿನವನ್ನು ನೀರಿಗಿಳಿಯದೆ ಇರಲು ಬಿಟ್ಟುಕೊಳ್ಳಿ.