ಟೀಚರ್ ಜೊತೆ ಮಾತಾಡುತ್ತಾ ಸ್ಪ್ಯಾನಿಷ್ ಕಲಿಯುವುದು ಹೇಗೆ? ಇಂಗ್ಲಿಷನ್ನು ನಡುವೆ ತರಬೇಡಿ

ಒಬ್ಬ ಟೀಚರ್, ಒಬ್ಬ ವಿದ್ಯಾರ್ಥಿ, ಒಂದು ಗಂಟೆ ಮಾತು. ಸ್ಪ್ಯಾನಿಷ್ ಕಲಿಯಲು ನನಗೆ ಗೊತ್ತಿರುವ ಒಳ್ಳೆಯ ದಾರಿ ಇದೇ. ಆದರೆ ನನ್ನ ಪರಿಚಯದವರಲ್ಲಿ ಆರೇಳು ಜನ ಹೀಗೆ ಆನ್‌ಲೈನ್ ಪಾಠ ಶುರು ಮಾಡಿ ಎರಡೇ ತಿಂಗಳಲ್ಲಿ ಬಿಟ್ಟರು. ಎಲ್ಲರೂ ಎಡವಿದ್ದು ಒಂದೇ ಕಡೆ. ಗಂಟೆಯಲ್ಲಿ ಮುಕ್ಕಾಲು ಭಾಗ ಟೀಚರ್ ಇಂಗ್ಲಿಷಿನಲ್ಲಿ ವ್ಯಾಕರಣ ಹೇಳುತ್ತಿದ್ದರು, ಇವರು ತಲೆಯಾಡಿಸುತ್ತಿದ್ದರು. ಕೊನೆಗೆ ಇವರ ಬಾಯಿಂದ ಬಂದ ಸ್ಪ್ಯಾನಿಷ್ ಮಾತು ಹತ್ತೂ ಇರುತ್ತಿರಲಿಲ್ಲ.

ಮೊದಲ ಕೆಲಸ, ಯಾವ ದೇಶದ ಟೀಚರ್ ಬೇಕು ಅಂತ ನಿರ್ಧರಿಸುವುದು. ಸ್ಪ್ಯಾನಿಷ್ 20 ದೇಶಗಳ ಅಧಿಕೃತ ಭಾಷೆ, ಒಂದೊಂದು ಕಡೆ ಒಂದೊಂದು ಧಾಟಿ. ಓದಲಿಕ್ಕೆ ಮ್ಯಾಡ್ರಿಡ್‌ಗೆ ಹೋಗುವವರು ಸ್ಪೇನಿನವರನ್ನೇ ಹುಡುಕಿ. ಅಂಥ ಗುರಿ ಇಲ್ಲದಿದ್ದರೆ ಮಧ್ಯ ಅಮೆರಿಕದ ಗ್ವಾಟೆಮಾಲಾದವರನ್ನು ಹಿಡಿಯಿರಿ, ನಾನು ಕಲಿತದ್ದೂ ಅಲ್ಲಿಯವರ ಹತ್ತಿರವೇ. ಅಲ್ಲಿನ ಆಂತಿಗ್ವಾ ಎಂಬ ಊರು ಎದುರುಬದುರು ಕೂರಿಸಿಕೊಂಡು ಒಬ್ಬೊಬ್ಬರಿಗೇ ಕಲಿಸುವ ಶಾಲೆಗಳಿಗೆ ಹೆಸರಾಗಿದೆ. ಅಲ್ಲಿನವರಿಗೆ ಮಾತಾಡಿಸಿ ಕಲಿಸುವ ಅಭ್ಯಾಸ ಚೆನ್ನಾಗಿದೆ. ಸಮಯವೂ ಹೊಂದುತ್ತದೆ. ನಮಗಿಂತ ಹನ್ನೊಂದೂವರೆ ಗಂಟೆ ಹಿಂದೆ ಇದ್ದಾರೆ, ಹಾಗಾಗಿ ನಮ್ಮ ಬೆಳಿಗ್ಗೆ ಆರೂವರೆ ಅಂದರೆ ಅವರಿಗೆ ಹಿಂದಿನ ದಿನದ ಸಂಜೆ ಏಳು.

ಎರಡನೆಯದು ಟ್ರಯಲ್ ಕ್ಲಾಸ್. ನೀವು ಎಷ್ಟು ಮಾತಾಡಿದಿರಿ ಅಂತ ಮಾತ್ರ ನೋಡಿ. ಟೀಚರೇ ಜಾಸ್ತಿ ಮಾತಾಡಿದರೆ ಬೇರೆಯವರನ್ನು ನೋಡಿ.

ಮೂರನೆಯದು ಉಚ್ಚಾರಣೆ. ಇದಕ್ಕೆ ಎರಡು ಕ್ಲಾಸ್ ಸಾಕು, ಏಕೆಂದರೆ ಸ್ಪ್ಯಾನಿಷಿನ ತ, ದ ನಮ್ಮ ತ, ದ ಇದ್ದ ಹಾಗೇ ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವಂಥವು. ಇಂಗ್ಲಿಷ್ ಅಭ್ಯಾಸದಲ್ಲಿ ನಾವು ಟೊಮಾಟೆ ಅನ್ನುತ್ತೇವೆ, ಅದು ತೊಮಾತೆ. ಜನರ ಹೆಸರಿನಲ್ಲೂ ಊರಿನ ಹೆಸರಿನಲ್ಲೂ ಟ, ಡ ಕಂಡಲ್ಲೆಲ್ಲ ತ, ದ ಹಾಕಿ. ನಿಜವಾಗಿ ಕಷ್ಟವಾಗುವುದು ನಾಲಿಗೆ ನಡುಗಿಸುವ ರ್ರ. ಪೆರೊ ಅಂದರೆ 'ಆದರೆ', ಪೆರ್ರೊ ಅಂದರೆ 'ನಾಯಿ'. ದಿನಾ ಎರಡು ನಿಮಿಷ ಬಾಯಿ ಪಳಗಿಸಿ. ಅದು ಬರುವ ತನಕ ಮಾತು ನಿಲ್ಲಿಸಬೇಡಿ.

ಇನ್ನು ನಾಲ್ಕನೆಯದು, ಎಲ್ಲರೂ ಕೆಡಿಸುವ ಹಂತ. ಆ ಒಂದು ಗಂಟೆಯನ್ನು ಹೇಗೆ ಬಳಸಬೇಕು?

ಬರಿಗೈಲಿ ಕ್ಲಾಸಿಗೆ ಹೋಗಬೇಡಿ. ಹಿಂದಿನ ದಿನ ರಾತ್ರಿ ನಿಮ್ಮದೇ ಒಂದು ಪುಟ್ಟ ಸಂಗತಿ ಆರಿಸಿ. ಬಸ್ ತಪ್ಪಿದ್ದು, ಅಜ್ಜಿ ಮನೆಗೆ ಹೋಗಿದ್ದು, ಹಾಲು ಉಕ್ಕಿದ್ದು, ಏನಾದರೂ ಸರಿ. ಅದನ್ನು ಹೇಳಲು ಬೇಕಾದ ಏಳೆಂಟು ಪದ ಮಾತ್ರ ಚೀಟಿಯಲ್ಲಿ ಬರೆದುಕೊಳ್ಳಿ. ಪೂರ್ತಿ ವಾಕ್ಯ ಬರೆಯಬೇಡಿ, ಬರೆದರೆ ಓದಿಬಿಡುತ್ತೀರಿ. ಕ್ಲಾಸಿನಲ್ಲಿ ಅದನ್ನು ಮೂರು ಸಲ ಹೇಳಿ. ಮೊದಲ ಸಲ ತಡವರಿಸುತ್ತಾ ಹೇಳಿ, ಟೀಚರ್ ಬಾಯಿ ಹಾಕಬಾರದು, ಸುಮ್ನೆ ಕೇಳಿ ಗುರುತು ಹಾಕಿಕೊಳ್ಳಬೇಕು. ಮುಗಿದ ಮೇಲೆ ಮೂರೇ ತಪ್ಪು ತಿದ್ದಲಿ. ಹದಿನೈದು ತಪ್ಪು ತಿದ್ದಿದರೆ ಒಂದೂ ತಲೆಯಲ್ಲಿ ಉಳಿಯುವುದಿಲ್ಲ. ಎರಡನೇ ಸಲ ಆ ಮೂರನ್ನು ಸರಿಮಾಡಿ ಹೇಳಿ. ಮೂರನೇ ಸಲ ಟೀಚರ್ ಮಧ್ಯೆ ಮಧ್ಯೆ ಪ್ರಶ್ನೆ ಕೇಳಲಿ: ಯಾವ ಬಸ್, ಅಜ್ಜಿ ಏನಂದರು, ಆಮೇಲೆ? ಅಲ್ಲಿಂದ ಅದು ನಿಜವಾದ ಮಾತುಕತೆ. ಮೂರನೇ ಸಲ ನಿಮ್ಮ ಬಾಯಿಂದ ಅದೇ ಕಥೆ ಎಷ್ಟು ಸಲೀಸಾಗಿ ಬರುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ.

ಈ ನಿಯಮವನ್ನು ಮೊದಲ ದಿನವೇ ಟೀಚರಿಗೆ ಹೇಳಿ. ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಸಂಕೋಚ ಬೇಡ. ಹೇಳದೇ ಇದ್ದರೆ ಅವರು ತಮ್ಮ ಪುಸ್ತಕದ ಪಾಠ ತೆಗೆಯುತ್ತಾರೆ. ಮತ್ತೆ, ಅರ್ಥ ಆಗದಿದ್ದಾಗ ಇಂಗ್ಲಿಷಿಗೆ ಹಾರಬೇಡಿ. ಮಾಸ್ ದೆಸ್ಪಾಸಿಯೊ ಅಂದರೆ ಇನ್ನೂ ನಿಧಾನ. ಕೊಮೊ ಸೆ ದಿಸೆ ಅಂದರೆ ಇದಕ್ಕೆ ಏನಂತಾರೆ. ಕೆ ಸಿಗ್ನಿಫಿಕಾ ಅಂದರೆ ಅರ್ಥ ಏನು. ಇವು ಮೂರು ಬಂದರೆ ಇಡೀ ಗಂಟೆ ಸ್ಪ್ಯಾನಿಷಿನಲ್ಲೇ ಕಳೆಯಬಹುದು.

ಇಂಗ್ಲಿಷ್ ಬೇಡ ಅಂತ ಇಷ್ಟು ಒತ್ತಿ ಹೇಳಲು ಕಾರಣ ಇದೆ. ಕಾಫಿ ಇಷ್ಟ ಅನ್ನಲು ಇಂಗ್ಲಿಷಿನ ದಾರಿ ಹಿಡಿದವರು ಯೊ ಗುಸ್ತೊ ಕಫೆ ಅನ್ನುತ್ತಾರೆ. ಅದು ತಪ್ಪು. ಸರಿಯಾದದ್ದು ಮೆ ಗುಸ್ತಾ ಎಲ್ ಕಫೆ. ಅಂದರೆ 'ನನಗೆ ಕಾಫಿ ಇಷ್ಟ'. ನಾವು ದಿನಾ ಹೇಳುವುದೇ ಹಾಗೆ, ಅಲ್ವಾ? ಒಂದು ಹಾಡಾದರೆ 'ಹಿಡಿಸಿತು', ನಾಲ್ಕಾದರೆ 'ಹಿಡಿಸಿದವು'. ಅಲ್ಲೂ ಒಂದಾದರೆ ಮೆ ಗುಸ್ತೋ, ನಾಲ್ಕಾದರೆ ಮೆ ಗುಸ್ತಾರೋನ್. ನನಗೆ ತಲೆ ನೋಯುತ್ತಿದೆ ಅನ್ನುವುದು ಮೆ ದುಏಲೆ ಲಾ ಕಾಬೆಸಾ. ಕೀ ಮರೆತುಹೋಯಿತು ಅನ್ನುವುದೂ ಇದೇ ಜಾಡು. ನಾಚಿಕೆಯಾಗುತ್ತಿದೆ ಅನ್ನಲು ಇಂಗ್ಲಿಷಿನ ಎಂಬರಾಸ್ಡ್ ನೆನಪಿಸಿಕೊಂಡು ಎಸ್ತೊಯ್ ಎಂಬರಾಸಾದಾ ಅಂದರೆ 'ನಾನು ಗರ್ಭಿಣಿ' ಅಂತಾಗುತ್ತದೆ. ಅಲ್ಲಿ ಹೇಳಬೇಕಾದದ್ದು ಮೆ ದಾ ಬೆರ್ಗ್ವೆನ್ಸಾ, ಮತ್ತದೇ 'ನನಗೆ'.

ಸೆರ್, ಎಸ್ತಾರ್ ಎರಡೂ 'ಇರು' ಅನ್ನುವ ಅರ್ಥದ ಕ್ರಿಯಾಪದಗಳು. ಎಲ್ಲರನ್ನೂ ಗೋಳುಹೊಯ್ಯುವ ಈ ಜೋಡಿಗೂ ಕನ್ನಡ ಒಂದು ಊರುಗೋಲು ಕೊಡುತ್ತದೆ. 'ನಾನು ಟೀಚರ್' ಅನ್ನುವಾಗ ನಮ್ಮಲ್ಲಿ ಕ್ರಿಯಾಪದವೇ ಇಲ್ಲ. ಅಲ್ಲಿ ಸಾಮಾನ್ಯವಾಗಿ ಸೆರ್ ಬರುತ್ತದೆ. 'ಮನೆಯಲ್ಲಿದ್ದೇನೆ', 'ಚೆನ್ನಾಗಿದ್ದೇನೆ' ಅಂತ ಇದ್ದೇನೆ ಸೇರಿದ ಕಡೆ ಹೆಚ್ಚಾಗಿ ಎಸ್ತಾರ್. ಎಲ್ಲ ಕಡೆ ಇದು ನಡೆಯುವುದಿಲ್ಲ, ಆದರೆ ಮೊದಲ ಆರು ತಿಂಗಳಿಗೆ ಧಾರಾಳ ಸಾಕು. ಕನ್ನಡ ಕೈಕೊಡುವುದು ಲಿಂಗದಲ್ಲಿ. ಅಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು. ಲಾ ಮೇಸಾ, ಎಲ್ ಲಿಬ್ರೊ ಅಂತ ಜೊತೆಗೇ ಕಂಠಪಾಠ ಮಾಡಿ.

ಐದನೆಯದು ಸಂಸ್ಕೃತಿ. ಇದಕ್ಕೆ ಬೇರೆ ಪಾಠ ಬೇಡ, ಅಡುಗೆಮನೆಯಿಂದ ಶುರುಮಾಡಿ. ನನ್ನ ಟೀಚರ್ ಒಂದು ದಿನ ತೊರ್ತೀಯಾ ಹೇಗೆ ಮಾಡುತ್ತಾರೆ ಅಂತ ಹೇಳಿದರು. ಮೆಕ್ಕೆಜೋಳವನ್ನು ಸುಣ್ಣ ಹಾಕಿದ ನೀರಿನಲ್ಲಿ ಬೇಯಿಸಿ, ರುಬ್ಬಿ, ಅಂಗೈಯಲ್ಲಿ ತಟ್ಟಿ, ಕೊಮಾಲ್ ಮೇಲೆ ಬೇಯಿಸುವುದು. ಕೊಮಾಲ್ ಅಂದರೆ ನಮ್ಮ ಹೆಂಚೇ. ನಾನು ತಿರುಗಿ ಜೋಳದ ರೊಟ್ಟಿ ತಟ್ಟುವುದನ್ನು ಹೇಳಿದೆ. ಹಿಟ್ಟು, ಬಿಸಿನೀರು, ನಾದು, ತಟ್ಟು, ಮಗುಚು ಇವೆಲ್ಲ ಆ ಒಂದೇ ಗಂಟೆಯಲ್ಲಿ ಬಾಯಿಗೆ ಬಂದವು, ಇವತ್ತಿಗೂ ಮರೆತಿಲ್ಲ. ಸ್ಪೇನಿನಲ್ಲಿ ತೊರ್ತೀಯಾ ಕೇಳಿದರೆ ಮೊಟ್ಟೆ, ಆಲೂಗಡ್ಡೆ ಹಾಕಿದ ದಪ್ಪ ಆಮ್ಲೆಟ್ ಬರುತ್ತದೆ, ಅದೂ ನೆನಪಿರಲಿ.

ನವೆಂಬರ್ 1 ಬಂದರೆ ಆ ದಿನದ ಕ್ಲಾಸ್ ತಪ್ಪಿಸಬೇಡಿ. ನಮಗೆ ರಾಜ್ಯೋತ್ಸವ. ಗ್ವಾಟೆಮಾಲಾದ ಸುಂಪಾಂಗೊ, ಸಾಂತಿಯಾಗೊ ಸಕಾತೆಪೆಕೆಸ್ ಊರುಗಳಲ್ಲಿ ಅವತ್ತು ತೀರಿಕೊಂಡವರ ನೆನಪಿಗೆ ದೊಡ್ಡ ದೊಡ್ಡ ಬಣ್ಣದ ಗಾಳಿಪಟ. ಮನೆಗಳಲ್ಲಿ ಹತ್ತಾರು ಪದಾರ್ಥ ಸೇರಿಸಿದ ಫಿಯಾಂಬ್ರೆ ಎಂಬ ತಣ್ಣನೆಯ ಅಡುಗೆ. ಒಬ್ಬರಿಗೊಬ್ಬರು ಹೇಳಿಕೊಳ್ಳಲು ಇಷ್ಟು ಇದ್ದಾಗ ಗಂಟೆ ಸಾಲುವುದಿಲ್ಲ.

ನೀನು, ನೀವು ವಿಚಾರವನ್ನೂ ಟೀಚರನ್ನೇ ಕೇಳಿ. ತೂ ನಮ್ಮ ನೀನು, ಉಸ್ತೆದ್ ನಮ್ಮ ನೀವು ಅಂತ ಪುಸ್ತಕದಲ್ಲಿದೆ. ಗ್ವಾಟೆಮಾಲಾದಲ್ಲಿ ಗೆಳೆಯರು ವೊಸ್ ಅನ್ನುತ್ತಾರೆ. ಕೊಲಂಬಿಯಾದ ಬೊಗೊತಾದಲ್ಲಿ ಮನೆಯವರ ನಡುವೆಯೂ ಉಸ್ತೆದ್ ಕೇಳಿಬರುತ್ತದೆ. ಗೊತ್ತಾಗದಿದ್ದರೆ ಉಸ್ತೆದ್ ಅನ್ನಿ, ಯಾರಿಗೂ ನೋವಾಗುವುದಿಲ್ಲ.

ದುಡ್ಡು ದಂಡ ಮಾಡಬೇಡಿ. ಮೂವತ್ತು ದಿನದಲ್ಲಿ ಸ್ಪ್ಯಾನಿಷ್ ಅನ್ನುವ ಪುಸ್ತಕ ಬೇಡ. ಅಕ್ಷರಮಾಲೆಯಲ್ಲಿ 29 ಅಕ್ಷರ ತೋರಿಸುವ ಹಳೆಯ ಜೆರಾಕ್ಸ್ ಪ್ರತಿಗಳೂ ಬೇಡ, 2010ರಿಂದ ಅವು 27. ಆ್ಯಪ್ ಬೇಕಿದ್ದರೆ ಬಸ್ಸಿನಲ್ಲಿ ಪದ ನೆನಪಿಟ್ಟುಕೊಳ್ಳಲು ಬಳಸಿ, ಅಷ್ಟಕ್ಕೇ. ತಿಂಗಳಿಗೊಮ್ಮೆ ನಾಲ್ಕು ಗಂಟೆ ಬೇಡ, ವಾರಕ್ಕೆ ಎರಡು ಸಲ ಒಂದೊಂದು ಗಂಟೆ ಇರಲಿ.

ಸರ್ಟಿಫಿಕೇಟ್ ಬೇಕಾದವರಿಗೆ ದೆಲೆ (DELE) ಪರೀಕ್ಷೆ ಇದೆ. ಸ್ಪೇನ್ ಸರ್ಕಾರದ ಭಾಷಾ ಸಂಸ್ಥೆ ಇನ್ಸ್ತಿತೂತೊ ಸೆರ್ವಾಂತೆಸ್ ಅದನ್ನು ನಡೆಸುತ್ತದೆ, ದೆಹಲಿಯಲ್ಲಿ ಅವರ ಕೇಂದ್ರ ಇದೆ. ಎ1ರಿಂದ ಸಿ2ರವರೆಗೆ ಆರು ಹಂತ, ಒಮ್ಮೆ ಪಾಸಾದರೆ ಸರ್ಟಿಫಿಕೇಟಿಗೆ ಅವಧಿ ಇಲ್ಲ. ಪರೀಕ್ಷೆಗೆ ಎರಡು ತಿಂಗಳು ಇರುವಾಗ ಟೀಚರಿಗೆ ಹೇಳಿ, ವಾರದ ಎರಡು ಕ್ಲಾಸಿನಲ್ಲಿ ಒಂದನ್ನು ಹಳೆಯ ಪ್ರಶ್ನೆಪತ್ರಿಕೆಗೆ ಕೊಡಿ. ಇನ್ನೊಂದು ಕ್ಲಾಸಿನಲ್ಲಿ ಎಂದಿನಂತೆ ನಿಮ್ಮ ಕಥೆ ಮೂರು ಸಲ ಹೇಳಿ.