ಪಿಯು ಮುಗೀತು, ಡೆಲ್ಲಿ ಯೂನಿವರ್ಸಿಟೀಲಿ ಸೀಟು ಸಿಗುತ್ತಾ? ಲೆಕ್ಕ ಹಾಕೋದು ಹೀಗೆ

ಪಿಯುಸೀಲಿ 96 ಪರ್ಸೆಂಟ್ ಬಂದಿದೆ, ಡಿಯು ಸಿಗುತ್ತಾ? ರಿಸಲ್ಟ್ ಬಂದ ಮಾರನೇ ದಿನದಿಂದ ಈ ಪ್ರಶ್ನೆ ಶುರು. ಪ್ರಶ್ನೇನೇ ಸರಿ ಇಲ್ಲ ಅಂದ್ರೆ ಅಪ್ಪ-ಅಮ್ಮ ಮುಖ ಸಣ್ಣ ಮಾಡ್ಕೋತಾರೆ, ಆದ್ರೂ ಹೇಳ್ಲೇಬೇಕು. 2021ರ ತನಕ ಆಗಿದ್ರೆ ಆ 96 ಇಟ್ಕೊಂಡು ಏನಾದ್ರೂ ಹೇಳಬಹುದಿತ್ತು, ಆಗ ಕಾಲೇಜುಗಳು ಹನ್ನೆರಡನೇ ಕ್ಲಾಸಿನ ಮಾರ್ಕ್ಸ್ ಮೇಲೇ ಕಟ್ ಆಫ್ ಬಿಡ್ತಿದ್ವು, ಆ ವರ್ಷ ಹಿಂದೂ ಕಾಲೇಜಲ್ಲಿ ಪೊಲಿಟಿಕಲ್ ಸೈನ್ಸ್ ಆನರ್ಸ್‌ಗೆ, ಶ್ರೀರಾಮ್ ಕಾಲೇಜ್ ಆಫ್ ಕಾಮರ್ಸಲ್ಲಿ ಬಿಕಾಂ ಆನರ್ಸ್‌ಗೆ ನೂರಕ್ಕೆ ನೂರೇ ಕೇಳಿದ್ರು. 99 ತಗೊಂಡೋರೂ ಮೊದಲ ಲಿಸ್ಟಲ್ಲಿ ಹೊರಗೆ. 2022ರಿಂದ ಸಿಯುಇಟಿ ಅನ್ನೋ ಎಂಟ್ರೆನ್ಸ್ ಬಂದ್ಮೇಲೆ ಆ ಕಥೆ ಮುಗೀತು.

ಈಗ ನಿಮ್ಮ ಪಿಯು ಪರ್ಸೆಂಟೇಜಿಗೆ ಅಲ್ಲಿ ಎರಡೇ ಕೆಲಸ. ಒಂದು, ಪಾಸಾಗಿದೀರಿ ಅನ್ನೋ ಅರ್ಹತೆ. ಇನ್ನೊಂದು, ಇಬ್ಬರ ಸಿಯುಇಟಿ ಸ್ಕೋರ್ ಒಂದೇ ಆಗಿ ಟೈ ಬಿದ್ರೆ ಆಗ ಹನ್ನೆರಡನೇ ಕ್ಲಾಸಿನ ಬೆಸ್ಟ್ ಮೂರು ಸಬ್ಜೆಕ್ಟ್ ನೋಡ್ತಾರೆ, ಅದೂ ಸಮ ಬಂದ್ರೆ ಬೆಸ್ಟ್ ನಾಲ್ಕು, ಆಮೇಲೆ ಐದು, ಆಮೇಲೆ ವಯಸ್ಸು. ಅಷ್ಟೇ. ಕೆಸಿಇಟೀಲಿ ಇಂಜಿನಿಯರಿಂಗ್‌ಗೆ ಪಿಯು ಮಾರ್ಕ್ಸ್ ಅರ್ಧ ಸೇರಿಸ್ತಾರಲ್ಲ, ಆ ಥರ ಇಲ್ಲಿ ಏನೂ ಸೇರಿಸಲ್ಲ.

ಇನ್ನೊಂದು ವಿಷಯ, ಡಿಯು ಸಿಗೋದು ಅಂತ ಒಂದು ಇಲ್ವೇ ಇಲ್ಲ. 60ಕ್ಕೂ ಹೆಚ್ಚು ಕಾಲೇಜು, ಸುಮಾರು 71 ಸಾವಿರ ಡಿಗ್ರಿ ಸೀಟು, ಒಂದೊಂದು ಕೋರ್ಸು ಒಂದೊಂದು ಕಾಲೇಜು ಸೇರಿ ಸಾವಿರಕ್ಕೂ ಜಾಸ್ತಿ ಜೋಡಿ. ಒಂದೊಂದು ಜೋಡಿಗೂ ಕೆಟಗರಿ ಪ್ರಕಾರ ಬೇರೆ ಬೇರೆ ಕಟ್ ಆಫ್. ನಿಮಗೆ ಮಿರಾಂಡಾ ಹೌಸಲ್ಲಿ ಹಿಸ್ಟರಿ ಆನರ್ಸ್ ಸಿಗದೇ ಇರಬಹುದು, ಅದೇ ಸ್ಕೋರಿಗೆ ಇನ್ನೊಂದು ಕಾಲೇಜಲ್ಲಿ ಆರಾಮಾಗಿ ಸಿಗಬಹುದು. ಅದಕ್ಕೆ ಲೆಕ್ಕ ಹಾಕೋದು ಜೋಡಿ ಜೋಡಿಯಾಗಿ.

ಮೊದಲು: ನಿಮ್ಮ ಕಾಂಬಿನೇಷನ್ ಒಪ್ಪುತ್ತಾ ನೋಡಿ

ನಮ್ಮ ಪಿಯು ಮಕ್ಕಳು ಎಡವೋದು ಜಾಸ್ತಿ ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನಕ್ಕೆ ಓದಿ. ಸಿಯುಇಟೀಲಿ ಹೆಚ್ಚು ಅಂದ್ರೆ ಐದು ಸಬ್ಜೆಕ್ಟ್ ಬರೀಬಹುದು. ಪಿಯೂಲಿ ಓದದೇ ಇರೋ ಸಬ್ಜೆಕ್ಟ್ ಬೇಕಾದ್ರೂ ತಗೊಳ್ಳಿ ಅಂತ ಸಿಯುಇಟಿ ಹೇಳುತ್ತೆ, ಆದ್ರೆ ಡಿಯು ಒಪ್ಪಲ್ಲ, ನೀವು ಹನ್ನೆರಡನೇ ಕ್ಲಾಸಲ್ಲಿ ಓದಿ ಪಾಸಾದ ಸಬ್ಜೆಕ್ಟೇ ಸಿಯುಇಟೀಲೂ ಬರ್ದಿರಬೇಕು ಅನ್ನೋದು ಅವರ ರೂಲು. ಸಿಯುಇಟಿ ಬುಲೆಟಿನ್ ಮಾತ್ರ ಓದಿ ಫಾರ್ಮ್ ತುಂಬಿದೋರಿಗೆ ಇದು ಗೊತ್ತಾಗೋದು ಜುಲೈನಲ್ಲಿ, ಅಷ್ಟೊತ್ತಿಗೆ ಪರೀಕ್ಷೆ ಮುಗ್ದಿರುತ್ತೆ.

ಉದಾಹರಣೆಗೆ ಎಸ್‌ಇಬಿಎ ತಗೊಂಡ ಹುಡುಗಿ. ಸ್ಟಾಟಿಸ್ಟಿಕ್ಸ್, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ. ಸಿಯುಇಟಿ ಲಿಸ್ಟಲ್ಲಿ ಸ್ಟಾಟಿಸ್ಟಿಕ್ಸ್ ಅನ್ನೋ ಪೇಪರೇ ಇಲ್ಲ. ಉಳಿದಿದ್ದು ಮೂರು. ಬಿಕಾಂ ಆನರ್ಸ್‌ಗೆ ಡಿಯು ಕೇಳೋದು ಒಂದು ಭಾಷೆ, ಜೊತೆಗೆ ಮ್ಯಾಥ್ಸ್ ಅಥವಾ ಅಕೌಂಟೆನ್ಸಿ, ಅದರ ಮೇಲೆ ಇನ್ನೆರಡು. ಸರಿಯಾಗಿ ಕೂತ್ಕೊಳ್ಳುತ್ತೆ, ಆದ್ರೆ ಕೈಯಲ್ಲಿ ಒಂದೂ ಎಕ್ಸ್‌ಟ್ರಾ ಸಬ್ಜೆಕ್ಟ್ ಇಲ್ಲ, ಒಂದು ಪೇಪರ್ ಕೆಟ್ರೆ ಅದನ್ನ ಬಿಟ್ಟು ಬೇರೇದು ಹಾಕೋ ಹಾಗಿಲ್ಲ. ಇದೇ ಹುಡುಗಿ ಎಕನಾಮಿಕ್ಸ್ ಆನರ್ಸ್ ಬೇಕು ಅಂದ್ರೆ ಬಾಗಿಲು ಮುಚ್ಚಿದೆ, ಅಲ್ಲಿ ಮ್ಯಾಥ್ಸ್ ಕಡ್ಡಾಯ. ಎಕನಾಮಿಕ್ಸಲ್ಲಿ ನೂರಕ್ಕೆ ನೂರು ತೆಗೆದಿದ್ರೂ ಅಷ್ಟೇ. ಬೇಸಿಕ್ ಮ್ಯಾಥ್ಸ್ ಓದಿದೋರು ಅದನ್ನೂ ಮ್ಯಾಥ್ಸ್ ಅಂತ ಒಪ್ಕೋತಾರೆ ಅನ್ನೋ ಅಂದಾಜಿನ ಮೇಲೆ ಹೋಗಬೇಡಿ, ಫಾರ್ಮ್ ತುಂಬೋಕೆ ಮುಂಚೇನೇ ಡಿಯು ಅಡ್ಮಿಷನ್ ವಿಭಾಗಕ್ಕೆ ಮೇಲ್ ಹಾಕಿ ಉತ್ತರ ತರಿಸಿಕೊಂಡು ಇಟ್ಕೊಳ್ಳಿ.

ಎಚ್‌ಇಪಿಎಸ್ ಆರ್ಟ್ಸ್ ಮಕ್ಕಳಿಗೆ ಈ ತಾಪತ್ರಯ ಇಲ್ಲ, ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್, ಸೋಷಿಯಾಲಜಿ ನಾಲ್ಕೂ ಲಿಸ್ಟಲ್ಲಿವೆ, ಒಂದು ಭಾಷೆ ಸೇರಿಸಿದ್ರೆ ಐದು ಭರ್ತಿ. ಪಿಸಿಎಂಬಿಯವರಿಗೂ ಅಷ್ಟೇ. ಆದ್ರೆ ಸಿಯುಇಟಿ ಸಿಲಬಸ್ ಎನ್‌ಸಿಇಆರ್‌ಟಿ ಹನ್ನೆರಡನೇ ಕ್ಲಾಸಿನದ್ದು, ನಿಮ್ಮ ಪಿಯು ಬುಕ್ಕಲ್ಲಿ ಇಲ್ಲದ ಪಾಠ ಅದರಲ್ಲಿದ್ರೆ ಅದನ್ನ ಬೇರೆ ಓದ್ಕೋಬೇಕು.

ಭಾಷೆ ವಿಷಯದಲ್ಲಿ ಒಂದು ಸಿಹಿ ಸುದ್ದಿ ಇದೆ, ಹೆಚ್ಚಿನೋರಿಗೆ ಗೊತ್ತಿಲ್ಲ. ಸಿಯುಇಟೀಲಿರೋ 13 ಭಾಷೆಗಳಲ್ಲಿ ಕನ್ನಡಾನೂ ಒಂದು. ಬಿಕಾಂ ಆನರ್ಸ್ ಥರದ ಎಷ್ಟೋ ಕೋರ್ಸಿಗೆ ಡಿಯು ‘ಯಾವುದಾದ್ರೂ ಒಂದು ಭಾಷೆ’ ಅಂತಷ್ಟೇ ಕೇಳೋದು, ಇಂಗ್ಲಿಷೇ ಆಗಬೇಕು ಅಂತಿಲ್ಲ. ಪಿಯೂಲಿ ಕನ್ನಡ ಓದಿದೋರು, ಕನ್ನಡದಲ್ಲಿ ಗಟ್ಟಿ ಇರೋರು ಯೋಚನೆ ಮಾಡಿ. ಆದ್ರೆ ಇಂಗ್ಲಿಷ್ ಆನರ್ಸ್‌ಗೆ ಇಂಗ್ಲಿಷೇ ಬೇಕು, ಅದು ಸಹಜ.

ಆಮೇಲೆ: ಸರಿಯಾದ ಟೋಟಲ್ ತೆಗೀರಿ

2025ರಿಂದ ಒಂದು ಪೇಪರಿಗೆ 50 ಪ್ರಶ್ನೆ, 60 ನಿಮಿಷ, ಸರಿ ಇದ್ರೆ 5, ತಪ್ಪಾದ್ರೆ ಮೈನಸ್ 1, ಅಂದ್ರೆ 250ಕ್ಕೆ. ನಾಲ್ಕು ಪೇಪರ್ ಲೆಕ್ಕಕ್ಕೆ ಬರೋ ಕೋರ್ಸಿಗೆ ಟೋಟಲ್ 1000. ಆದ್ರೆ ಎಲ್ಲಾ ಕೋರ್ಸಿಗೂ 1000 ಅಲ್ಲ. ಬಿಎಂಎಸ್ ಅನ್ನೋ ಮ್ಯಾನೇಜ್‌ಮೆಂಟ್ ಡಿಗ್ರಿಗೆ ಭಾಷೆ, ಮ್ಯಾಥ್ಸ್, ಜನರಲ್ ಟೆಸ್ಟ್ (ಸಾಮಾನ್ಯ ಜ್ಞಾನ, ರೀಸನಿಂಗ್ ಪೇಪರ್) ಮೂರೇ, ಅಂದ್ರೆ 750ಕ್ಕೆ. ಫಿಸಿಕ್ಸ್ ಆನರ್ಸ್‌ಗೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮಾತ್ರ ಕೂಡ್ತಾರೆ, ಭಾಷೇಲಿ 30 ಪರ್ಸೆಂಟ್ ದಾಟಿದ್ರೆ ಸಾಕು. ಹಾಗಾಗಿ ಪಕ್ಕದ ಮನೆ ಹುಡುಗಂಗೆ 690ಕ್ಕೆ ಸಿಕ್ತಂತೆ ಅಂದ್ರೆ ಎಷ್ಟಕ್ಕೆ 690 ಅಂತ ಕೇಳಿ.

ಇಲ್ಲಿ ಇನ್ನೊಂದು ಬಲೆ ಇದೆ. 2024ರಲ್ಲಿ ಪೇಪರಿಗೆ 200 ಇತ್ತು, ನಾಲ್ಕು ಪೇಪರಿಗೆ 800. ನೆಟ್ಟಲ್ಲಿ ಓಡಾಡೋ ಎಷ್ಟೋ ಹಳೇ ಲಿಸ್ಟುಗಳು 800ರ ಲೆಕ್ಕದವು, ಅದರ ಮೇಲೆ ವರ್ಷ ಕೂಡ ಬರ್ದಿರಲ್ಲ. 1000ಕ್ಕೆ 780 ಬಂದೋರು ಅದನ್ನ ನೋಡಿ ನಂಗೆ ಟಾಪ್ ಕಾಲೇಜೇ ಗ್ಯಾರಂಟಿ ಅಂತ ಕೂತಿರ್ತಾರೆ. 2025ರ ಸೀಟು ಹಂಚಿಕೆಯ ಮೊದಲ ರೌಂಡಲ್ಲಿ ಹಿಂದೂ ಕಾಲೇಜಿನ ಪೊಲಿಟಿಕಲ್ ಸೈನ್ಸ್ ಜನರಲ್ ಸೀಟಿಗೆ, ಶ್ರೀರಾಮ್ ಕಾಲೇಜಿನ ಬಿಕಾಂ ಆನರ್ಸ್‌ಗೆ ಸಾವಿರಕ್ಕೆ 900ರ ಮೇಲೇ ಬೇಕಾಯ್ತು.

ಸ್ಕೋರ್ ಕಾರ್ಡಲ್ಲಿ ಪರ್ಸೆಂಟೈಲ್ (ನೂರಕ್ಕೆ ಎಷ್ಟು ಜನ ನಿಮಗಿಂತ ಹಿಂದೆ ಅನ್ನೋದು) ಬೇರೆ, ನಾರ್ಮಲೈಸ್ಡ್ ಸ್ಕೋರ್ (ಶಿಫ್ಟುಗಳ ಕಷ್ಟ-ಸುಲಭ ಸರಿದೂಗಿಸಿದ ಮಾರ್ಕ್ಸ್) ಬೇರೆ ಇರುತ್ತೆ. ಡಿಯು ಕೂಡೋದು ನಾರ್ಮಲೈಸ್ಡ್ ಸ್ಕೋರನ್ನ. 98 ಪರ್ಸೆಂಟೈಲ್ ಅಂದ್ರೆ ನೂರಕ್ಕೆ 98 ಮಾರ್ಕ್ಸ್ ಅಂತ ತಿಳ್ಕೊಂಡು ನೆಂಟರಿಗೆಲ್ಲ ಫೋನ್ ಮಾಡೋರು ಇದ್ದಾರೆ, ದಯವಿಟ್ಟು ಬೇಡ. ಆನ್ಸರ್ ಕೀ ಬಿಟ್ಟಾಗ ಟಿಕ್ ಹಾಕ್ಕೊಂಡು ಎಣಿಸೋದು ತಪ್ಪಲ್ಲ, ಆದ್ರೆ ನಿಮ್ಮ ಶಿಫ್ಟಿನ ಪೇಪರ್ ಸುಲಭ ಇತ್ತೋ ಕಷ್ಟ ಇತ್ತೋ ಅನ್ನೋದರ ಮೇಲೆ ಅದು ಮೇಲೆ ಕೆಳಗೆ ಆಗುತ್ತೆ, ಹಾಗಾಗಿ ಕಾರ್ಡ್ ಬರೋ ತನಕ ಅದು ಬರೀ ಅಂದಾಜು.

ಈಗ ಹೋದ ವರ್ಷದ ಪಿಡಿಎಫ್ ತೆಗೀರಿ

ಡಿಯು ತನ್ನ ಅಡ್ಮಿಷನ್ ವೆಬ್‌ಸೈಟಲ್ಲಿ ಪ್ರತಿ ರೌಂಡ್ ಆದ್ಮೇಲೆ ಒಂದು ಪಟ್ಟಿ ಹಾಕುತ್ತೆ, ಆ ರೌಂಡಲ್ಲಿ ಯಾವ ಕಾಲೇಜಿನ ಯಾವ ಕೋರ್ಸಿಗೆ ಯಾವ ಕೆಟಗರೀಲಿ ಕಡೇ ಸೀಟು ಎಷ್ಟು ಸ್ಕೋರಿಗೆ ಹೋಯ್ತು ಅಂತ. ಇದಕ್ಕಿಂತ ಒಳ್ಳೇ ಮಾಹಿತಿ ಯಾವ ಕೋಚಿಂಗ್ ಸೆಂಟರ್ ಹತ್ರಾನೂ ಇಲ್ಲ, ದುಡ್ಡು ತಗೊಂಡು ‘ಪ್ರೆಡಿಕ್ಟರ್’ ಮಾರೋರ ಹತ್ರ ಇರೋದೂ ಇದೇ ಪಟ್ಟಿ. ನೀವೇ ಕೂತು ಒಂದು ಎಕ್ಸೆಲ್ ಶೀಟ್ ಮಾಡ್ಕೊಳ್ಳಿ: ಕಾಲೇಜು, ಕೋರ್ಸು, ಮೊದಲ ರೌಂಡಿನ ಸ್ಕೋರ್, ಕಡೇ ರೌಂಡಿನ ಸ್ಕೋರ್, ನಿಮ್ಮ ಸ್ಕೋರ್.

ನಿಮ್ಮ ಸ್ಕೋರ್ ಮೊದಲ ರೌಂಡಿನದ್ದಕ್ಕಿಂತ ಚೆನ್ನಾಗೇ ಮೇಲಿದ್ರೆ ಅದು ಹೆಚ್ಚೂಕಮ್ಮಿ ಗಟ್ಟಿ. ಎರಡರ ಮಧ್ಯೆ ಇದ್ರೆ ಕಾಯಬೇಕು, ಬರಬಹುದು. ಕಡೇ ರೌಂಡಿಗಿಂತ ತುಂಬಾ ಕೆಳಗಿದ್ರೆ ಕನಸು, ಕನಸು ಕಾಣೋಕೆ ದುಡ್ಡೇನಿಲ್ಲ ಅದನ್ನೂ ಇಟ್ಕೊಳ್ಳಿ, ಯಾಕೆ ಅಂತ ಮುಂದೆ ಹೇಳ್ತೀನಿ. ಒಂದು ಮಾತು, ದೊಡ್ಡ ಹೆಸರಿನ ಕಾಲೇಜುಗಳಲ್ಲಿ ಮೊದಲ ರೌಂಡಿಂದ ಕಡೇ ರೌಂಡಿಗೆ ಸ್ಕೋರ್ ಧಡ್ ಅಂತ ಬೀಳುತ್ತೆ ಅಂತ ಕಾಯಬೇಡಿ, ಬಿಟ್ಟು ಹೋಗೋರು ಇಷ್ಟಿರ್ತಾರೆ ಅಂತ ಲೆಕ್ಕ ಹಾಕಿ ಮೊದಲ ರೌಂಡಲ್ಲೇ ಇರೋ ಸೀಟಿಗಿಂತ ಜಾಸ್ತಿ ಜನಕ್ಕೆ ಕೊಟ್ಟಿರ್ತಾರೆ.

ನೋಡೋಕೆ ಮರೆಯೋ ಸಾಲುಗಳೂ ಇವೆ. ಬಿಎ ಪ್ರೋಗ್ರಾಮ್, ಅಂದ್ರೆ ಎರಡು ಸಬ್ಜೆಕ್ಟ್ ಜೋಡಿ, ಹಿಸ್ಟರಿ ಪೊಲಿಟಿಕಲ್ ಸೈನ್ಸ್ ಒಂದು ಸಾಲು, ಎಕನಾಮಿಕ್ಸ್ ಜೊತೆ ಬೇರೊಂದು ಇದ್ರೆ ಅದು ಇನ್ನೊಂದು ಸಾಲು, ಅದೇ ಕಾಲೇಜಿನ ಆನರ್ಸಿಗಿಂತ ಸಾಮಾನ್ಯವಾಗಿ ಕಡಿಮೆ ಸ್ಕೋರಿಗೆ ಸಿಗುತ್ತೆ. ಹೆಣ್ಮಕ್ಕಳಿಗೆ ಮಿರಾಂಡಾ, ಲೇಡಿ ಶ್ರೀರಾಮ್ ಬಿಟ್ರೂ ಗಾರ್ಗಿ, ಕಮಲಾ ನೆಹರು, ದೌಲತ್ ರಾಮ್, ಇಂದ್ರಪ್ರಸ್ಥ ಅಂತ ಸಾಲು ಸಾಲು ಕಾಲೇಜಿವೆ, ಹುಡುಗರಿಗಿಂತ ಅವರ ಲಿಸ್ಟ್ ಉದ್ದ. ಈವ್ನಿಂಗ್ ಕಾಲೇಜುಗಳೂ ಇವೆ, ಡಿಗ್ರಿ ಅದೇ.

ಒಂದು ಉಪಾಯ ಯೂಟ್ಯೂಬಲ್ಲಿ ಜೋರಾಗಿ ಓಡುತ್ತೆ: ಸಂಸ್ಕೃತ ಆನರ್ಸ್ ಇಲ್ಲಾ ಇನ್ಯಾವುದೋ ಕಡಿಮೆ ಸ್ಕೋರಿನ ಕೋರ್ಸ್ ಹಾಕಿ ದೊಡ್ಡ ಕಾಲೇಜು ಹೊಕ್ಕುಬಿಡಿ, ಆಮೇಲೆ ನೋಡ್ಕೊಂಡ್ರಾಯ್ತು ಅಂತ. ಏನು ನೋಡ್ಕೊಳ್ಳೋದು? ಮೂರು ವರ್ಷ, ಈಗಿನ ಪದ್ಧತೀಲಿ ನಾಲ್ಕು ವರ್ಷಾನೂ ಆಗಬಹುದು, ಇಷ್ಟ ಇಲ್ಲದ ಸಬ್ಜೆಕ್ಟ್ ಓದಬೇಕು. ಸಂಸ್ಕೃತ ಇಷ್ಟ ಇದ್ರೆ ಖುಷಿಯಾಗಿ ಹೋಗಿ, ಗೇಟಿನ ಮೇಲಿನ ಹೆಸರಿಗೋಸ್ಕರ ಹೋಗಬೇಡಿ.

ಕೆಟಗರಿ: ನಮ್ಮ 2ಎ, 3ಬಿ ಅಲ್ಲಿ ನಡೆಯಲ್ಲ

ಇದು ಕರ್ನಾಟಕದೋರು ಗಟ್ಟಿಯಾಗಿ ನೆನಪಿಟ್ಕೋಬೇಕಾದ್ದು. ಡಿಯೂಲಿ ಎಸ್‌ಸಿ 15, ಎಸ್‌ಟಿ 7.5, ಒಬಿಸಿ 27, ಇಡಬ್ಲ್ಯುಎಸ್ (ಬೇರೆ ಮೀಸಲಾತಿ ಇಲ್ಲದ ಬಡವರಿಗೆ) 10 ಪರ್ಸೆಂಟ್. ಒಬಿಸಿ ಅಂದ್ರೆ ಕೇಂದ್ರದ ಪಟ್ಟಿ. ಇಲ್ಲಿ 2ಎ, 3ಎ, 3ಬಿ ಅಂತ ಸವಲತ್ತು ಸಿಗೋ ಎಲ್ಲಾ ಜಾತಿಗಳೂ ಕೇಂದ್ರದ ಪಟ್ಟೀಲಿ ಇಲ್ಲ. ಅಲ್ಲಿ ಇಲ್ಲ ಅಂದ್ರೆ ನೀವು ಜನರಲ್ ಕಾಲಮ್ಮೇ ನೋಡಬೇಕು, ಇಲ್ಲಾ ಆದಾಯ, ಆಸ್ತಿ ಮಿತಿಯೊಳಗಿದ್ರೆ ಇಡಬ್ಲ್ಯುಎಸ್ ಆಗುತ್ತಾ ಅಂತ ನೋಡಬೇಕು. ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮ ಕೋಟಾ ಇವೆಲ್ಲ ನಮ್ಮ ರಾಜ್ಯದವು, ಅಲ್ಲಿ ಲೆಕ್ಕಕ್ಕಿಲ್ಲ. ಪಟ್ಟೀಲಿ ಇದ್ರೂ ಇಲ್ಲಿನ ಜಾತಿ-ಆದಾಯ ಪ್ರಮಾಣಪತ್ರ ಸಾಲಲ್ಲ, ನಾಡಕಚೇರೀಲಿ ಕೇಂದ್ರ ಸರ್ಕಾರದ ನಮೂನೆಯ ಒಬಿಸಿ ಪತ್ರ ಅಂತಾನೇ ಕೇಳಬೇಕು, ಕ್ರೀಮಿ ಲೇಯರ್ ಅಲ್ಲ ಅಂತ ಅದರಲ್ಲಿರಬೇಕು, ಆ ವರ್ಷದ ಮಾರ್ಚ್ 31 ಆದ್ಮೇಲಿನ ತಾರೀಕಿರಬೇಕು. ಏಪ್ರಿಲಲ್ಲೇ ಅರ್ಜಿ ಹಾಕಿಬಿಡಿ. ಪತ್ರ ಇಲ್ಲ ಅಂದ್ರೆ ಒಬಿಸಿ ಕಾಲಮ್ಮಲ್ಲಿ ನೀವು ಹಾಕಿದ ಲೆಕ್ಕ ಎಲ್ಲಾ ನೀರಲ್ಲಿ ಹೋಮ.

ಪ್ರಿಫರೆನ್ಸ್ ತುಂಬೋವಾಗ ಲೆಕ್ಕ ಪಕ್ಕಕ್ಕಿಡಿ

ಸಿಯುಇಟಿ ಬರೆದ ಮಾತ್ರಕ್ಕೆ ಡಿಯುಗೆ ಅರ್ಜಿ ಹಾಕಿದ ಹಾಗಲ್ಲ, ಸಿಎಸ್‌ಎಎಸ್ ಅನ್ನೋ ಅವರ ಪೋರ್ಟಲಲ್ಲಿ ಬೇರೆ ರಿಜಿಸ್ಟರ್ ಆಗಬೇಕು, ಜನರಲ್‌ಗೆ 250 ರೂಪಾಯಿ. ಎಷ್ಟು ಕಾಲೇಜು ಹಾಕಿದ್ರೂ ಫೀಸು ಅಷ್ಟೇ.

ಲಿಸ್ಟ್ ತುಂಬೋದು ಹೇಗೆ? ಸಿಗೋ ಚಾನ್ಸ್ ಎಷ್ಟು ಅಂತ ನೋಡಿ ಮೇಲೆ ಕೆಳಗೆ ಮಾಡಬೇಡಿ. ಇಷ್ಟದ ಪ್ರಕಾರ ಬರೀರಿ. ಕಂಪ್ಯೂಟರ್ ನಿಮ್ಮ ಲಿಸ್ಟನ್ನ ಮೇಲಿಂದ ನೋಡ್ಕೊಂಡು ಬರುತ್ತೆ, ನಿಮ್ಮ ಸ್ಕೋರಿಗೆ ಸಿಗೋ ಮೊದಲನೇದು ಕೊಟ್ಟು ನಿಲ್ಲುತ್ತೆ. ಸಿಗಲ್ಲ ಅಂತ ಗೊತ್ತಿರೋ ಹಿಂದೂ ಕಾಲೇಜನ್ನ ಒಂದನೇ ನಂಬರಲ್ಲಿ ಹಾಕಿದ್ರೆ ಏನೂ ನಷ್ಟ ಇಲ್ಲ, ಅದು ದಾಟಿ ಮುಂದೆ ಹೋಗುತ್ತೆ. ಗ್ಯಾರಂಟಿ ಇರೋದನ್ನ ಭಯಕ್ಕೆ ಮೇಲೆ ಹಾಕಿದ್ರೆ ಮಾತ್ರ ನಷ್ಟ, ಅದೇ ಸಿಕ್ಕಿಬಿಡುತ್ತೆ, ಅದರ ಕೆಳಗಿದ್ದ ಒಳ್ಳೇ ಕಾಲೇಜು ಬರ್ತಿತ್ತು ಅಂದ್ರೂ ಬರಲ್ಲ. ಹಾಗಾದ್ರೆ ಇಷ್ಟು ಲೆಕ್ಕ ಯಾಕೆ ಹಾಕಿದ್ದು ಅಂತೀರಾ, ಲಿಸ್ಟ್ ಎಲ್ಲಿ ತನಕ ಉದ್ದ ಇರಬೇಕು ಅಂತ ತಿಳ್ಕೊಳ್ಳೋಕೆ. ಗಟ್ಟಿ ಅನ್ನೋ ಸಾಲುಗಳು ಕೆಳಗಡೆ ಒಂದಷ್ಟು ಬರೋ ತನಕ ತುಂಬ್ತಾ ಹೋಗಿ, ಹೋಗೋಕೆ ಮನಸ್ಸೇ ಇಲ್ಲದ್ದನ್ನ ಮಾತ್ರ ಬಿಡಿ.

ತುಂಬಿದ್ಮೇಲೆ ಡಿಯು ಸಿಮ್ಯುಲೇಟೆಡ್ ರ್‍ಯಾಂಕ್ ಅಂತ ಬಿಡುತ್ತೆ, ನೀವು ಹಾಕಿರೋ ಜೋಡಿಗಳಲ್ಲಿ ಸುಮಾರಾಗಿ ಎಷ್ಟನೇ ಜಾಗದಲ್ಲಿದೀರಿ ಅಂತ. ಆಗ ಲಿಸ್ಟ್ ಬದಲಾಯಿಸೋಕೆ ಸ್ವಲ್ಪ ಟೈಮ್ ಕೊಡ್ತಾರೆ. ರ್‍ಯಾಂಕ್ ನೋಡಿ ಹೆದರಿ ಮೇಲಿಂದು ತೆಗೀಬೇಡಿ, ಕೆಳಗೆ ಸೇರಿಸಿ.

ಸೀಟ್ ಬಂದ್ರೆ ಇಷ್ಟ ಇರ್ಲಿ ಬಿಡ್ಲಿ ಟೈಮ್ ಒಳಗೆ ಅಕ್ಸೆಪ್ಟ್ ಮಾಡಿ ಫೀಸು ಕಟ್ಟಿ. ಮುಂದಿನ ರೌಂಡಲ್ಲಿ ಒಳ್ಳೇದು ಬರುತ್ತೆ ಬಿಡು ಅಂತ ಸುಮ್ನೆ ಕೂತ್ರೆ ಆ ಸೀಟೂ ಹೋಗುತ್ತೆ, ಮುಂದಿನ ರೌಂಡುಗಳಿಂದಾನೂ ಹೊರಗೆ. ಅಕ್ಸೆಪ್ಟ್ ಮಾಡಿ ‘ಅಪ್‌ಗ್ರೇಡ್’ ಒತ್ತಿದ್ರೆ ಇದು ಕೈಲಿರುತ್ತೆ, ಮೇಲಿನದ್ದು ಖಾಲಿ ಆದ್ರೆ ಅಲ್ಲಿಗೆ ಹೋಗ್ತೀರಿ, ಆದ್ರೆ ಹೋದ್ಮೇಲೆ ಹಳೇದಕ್ಕೆ ವಾಪಸ್ ಬರೋ ಹಾಗಿಲ್ಲ.

ದುಡ್ಡಿನ ಮಾತು ಚಿಕ್ಕದಾಗಿ: ಕಾಲೇಜು ಫೀಸು ದೊಡ್ಡದಲ್ಲ, ಇರೋ ಖರ್ಚೇ ದೊಡ್ಡದು. ಹಾಸ್ಟೆಲ್ ಕೆಲವರಿಗೆ ಮಾತ್ರ, ಬಾಕಿಯವರು ನಾರ್ತ್ ಕ್ಯಾಂಪಸ್ ಆದ್ರೆ ಕಮಲಾ ನಗರ, ವಿಜಯನಗರ, ಸೌತ್ ಕಡೆ ವೆಂಕಟೇಶ್ವರ ಕಾಲೇಜಾದ್ರೆ ಎದುರಿನ ಸತ್ಯ ನಿಕೇತನದಲ್ಲಿ ಪಿಜಿ ಹುಡುಕ್ತಾರೆ. ಪಾಠ ಇಂಗ್ಲಿಷ್ ಇಲ್ಲಾ ಹಿಂದೀಲಿ, ಕನ್ನಡ ಮೀಡಿಯಮ್ಮಿಂದ ಹೋಗೋರು ಮೊದಲ ಸೆಮಿಸ್ಟರ್ ಒದ್ದಾಡೋದು ಖಂಡಿತ. ಇಲ್ಲಿ ಯುಯುಸಿಎಂಎಸ್ ಅನ್ನೋ ನಮ್ಮ ರಾಜ್ಯದ ಡಿಗ್ರಿ ಅಡ್ಮಿಷನ್ ಪೋರ್ಟಲಲ್ಲಿ ಒಂದು ಡಿಗ್ರಿ ಸೀಟು ಹಿಡಿದಿಟ್ಕೊಳ್ಳಿ, ಅದೇ ಸಿಯುಇಟಿ ಸ್ಕೋರಿಗೆ ಕಲಬುರಗಿ ಹತ್ರ ಕಡಗಂಚಿಯ ಕೇಂದ್ರೀಯ ವಿವಿಗೂ ಅರ್ಜಿ ಹಾಕಿಡಿ.

ಇನ್ನು ಹೆಸರು. ಆಧಾರಲ್ಲಿ ಅಪ್ಪನ ಹೆಸರು ಪೂರ್ತಿ, ಎಸ್ಸೆಸ್ಸೆಲ್ಸಿ ಕಾರ್ಡಲ್ಲಿ ಬರೀ ಇನಿಷಿಯಲ್, ಜಾತಿ ಪತ್ರದಲ್ಲಿ ಇನಿಷಿಯಲ್ಲೂ ಇಲ್ಲ, ನಮ್ಮ ಕಡೆ ಇದು ಮನೆಮನೆ ಕಥೆ. ಡಾಕ್ಯುಮೆಂಟ್ ನೋಡೋ ಕಾಲೇಜಿನವರಿಗೆ ಈ ಇನಿಷಿಯಲ್ ಪದ್ಧತಿ ಅರ್ಥ ಆಗೋದು ಕಷ್ಟ, ಅಪ್ಲಿಕೇಶನ್ ಮೇಲೆ ಕ್ವೆರಿ ಹಾಕಿ ವಾಪಸ್ ಕಳಿಸ್ತಾರೆ, ಉತ್ತರ ಕೊಡೋಕೆ ಸಿಗೋ ಟೈಮ್ ತುಂಬಾ ಕಮ್ಮಿ. ಸಿಯುಇಟಿ ಫಾರ್ಮಲ್ಲಿ ಎಸ್ಸೆಸ್ಸೆಲ್ಸಿ ಕಾರ್ಡಲ್ಲಿರೋ ಹಾಗೇ ಹಾಕಿ, ಎರಡೂ ಹೆಸರು ಒಬ್ಬರದ್ದೇ ಅಂತ ನೋಟರಿ ಹತ್ರ ಒಂದು ಅಫಿಡವಿಟ್ ಮಾಡಿಸಿ ಮೊದಲೇ ಸ್ಕ್ಯಾನ್ ಮಾಡಿ ಇಟ್ಕೊಂಡಿರಿ, ರೌಂಡ್ ನಡೀತಿರೋವಾಗ ಪೋರ್ಟಲನ್ನ ಬೆಳಿಗ್ಗೆ ಒಂದ್ಸಲ ಸಂಜೆ ಒಂದ್ಸಲ ತೆಗೆದು ನೋಡಿ, ಎಸ್ಸೆಮ್ಮೆಸ್ ಬರುತ್ತೆ ಅಂತ ಕಾಯ್ತಾ ಕೂರಬೇಡಿ.